ಕೇರ್ ಪಟ್ಟಿ ಇಲ್ಲದ ಮೇಲೆ ಇಂಗ್ಲಿಷ್ ಸಾಹಿತ್ಯದ ಸಂಶೋಧನಾ ಲೇಖನವನ್ನು ಎಲ್ಲಿ ಮಂಡಿಸಬೇಕು, ಎಲ್ಲಿಗೆ ಕಳುಹಿಸಬೇಕು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತ, ಅರೆಕಾಲಿಕವಾಗಿ ಪಿಎಚ್.ಡಿ. ಮಾಡುತ್ತಿದ್ದೇನೆ. ಕನ್ನಡದ ಕಥೆ-ಕಾದಂಬರಿಗಳು ಇಂಗ್ಲಿಷಿಗೆ ಹೋದಾಗ ಅವುಗಳಲ್ಲಿನ ಸಂಬೋಧನೆಗಳು, ಅಂದರೆ ನೀನು-ನೀವು, ಏನೇ-ಏನ್ರೀ, ಅವ್ವ, ಅತ್ತಿಗೆ ಎಂಬಂಥ ಮಾತುಗಳು, ಏನಾಗುತ್ತವೆ ಎಂಬುದು ನನ್ನ ವಿಷಯ. ಎರಡು ಅಧ್ಯಾಯಗಳು ಒಂದು ಹದಕ್ಕೆ ಬಂದಿವೆ. ಅವುಗಳಲ್ಲಿ ಒಂದನ್ನು ಮೊದಲು ಯಾವುದಾದರೂ ಸಮ್ಮೇಳನದಲ್ಲಿ ಮಂಡಿಸಿ, ಆಮೇಲೆ ಲೇಖನವಾಗಿ ಪ್ರಕಟಿಸಬೇಕೆಂದಿದ್ದೇನೆ.

ಇಷ್ಟು ದಿನ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಕೇರ್ ಪಟ್ಟಿಯಲ್ಲಿ, ಅಂದರೆ ಅದು ಒಪ್ಪಿದ ಜರ್ನಲ್‌ಗಳ ಪಟ್ಟಿಯಲ್ಲಿ, ಹೆಸರಿದೆಯೇ ಎಂದು ನೋಡಿದರೆ ಸಾಕಾಗುತ್ತಿತ್ತು. 2025ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟ ಮೇಲೆ ಯಾರನ್ನು ಕೇಳಿದರೂ "ಒಳ್ಳೆಯ ಜರ್ನಲ್ಲಿಗೆ ಕಳಿಸಿ" ಎಂಬ ಉತ್ತರವೊಂದೇ ಸಿಗುತ್ತಿದೆ. ಕಳೆದ ತಿಂಗಳು ಸಹೋದ್ಯೋಗಿಯೊಬ್ಬರು ಕೊಟ್ಟ ವಿಳಾಸಕ್ಕೆ ಲೇಖನ ಕಳುಹಿಸಿದೆ. ರಾತ್ರಿ 9:10ಕ್ಕೆ ಕಳುಹಿಸಿದ ಇಪ್ಪತ್ತು ಪುಟಗಳಿಗೆ 9:52ಕ್ಕೆ ಅಂಗೀಕಾರ ಪತ್ರ ಬಂದಿತು. ಇಬ್ಬರು ತಜ್ಞರು ಲೇಖನವನ್ನು ಪರಿಶೀಲಿಸಿ ಮೆಚ್ಚಿದ್ದಾರೆಂದು ಅದರಲ್ಲಿತ್ತು, ನನ್ನ ಹೆಸರಿನ ಹಿಂದೆ ಆಗಲೇ "ಡಾ." ಸೇರಿತ್ತು, ಕೆಳಗೆ 2,500 ರೂಪಾಯಿಗೆ ಒಂದು ಕ್ಯೂಆರ್ ಕೋಡ್ ಇತ್ತು. ಹಣ ಕಟ್ಟಿಲ್ಲ. ಆದರೆ ಕಟ್ಟದೆ ಇದ್ದದ್ದು ಸರಿಯೇ ಎಂಬ ಅಳುಕು ಇನ್ನೂ ಇದೆ.

ಶುಲ್ಕವಿಲ್ಲದೆ ಪ್ರಕಟಿಸುವ, ನಿಜವಾಗಿ ಓದಿ ನೋಡುವ ಜರ್ನಲ್‌ಗಳು ಯಾವುವು, ನನ್ನಂಥವರು ಯಾವ ಸಮ್ಮೇಳನಕ್ಕೆ ಹೋಗುವುದು ಪ್ರಯೋಜನಕರ ಎಂದು ತಿಳಿದವರು ದಯವಿಟ್ಟು ಹೇಳಬೇಕು. ನನ್ನ ಸಾರಲೇಖದ ಮೊದಲ ವಾಕ್ಯ ಸದ್ಯ ಹೀಗಿದೆ: "ಆಯ್ದ ಕನ್ನಡ ಕೃತಿಗಳ ಇಂಗ್ಲಿಷ್ ಅನುವಾದಗಳಲ್ಲಿ ಸಂಬೋಧನೆಗಳ ನಿರ್ವಹಣೆಯನ್ನು ಅನುವಾದ ಅಧ್ಯಯನದ ಹಿನ್ನೆಲೆಯಲ್ಲಿ ಪರಿಶೀಲಿಸುವ ಒಂದು ಪ್ರಯತ್ನ ಇಲ್ಲಿದೆ."

ಹಳೆಯ ಮೇಷ್ಟ್ರು

ಹಣ ಕಟ್ಟದೆ ಇದ್ದದ್ದು ಸರಿ, ಮೇಡಂ. ಆ ಅಳುಕನ್ನು ಇವತ್ತೇ ಬಿಟ್ಟುಬಿಡಿ. ಲೇಖನವನ್ನು ಹಿಂಪಡೆಯುತ್ತಿದ್ದೇನೆ ಎಂದು ಎರಡು ಸಾಲಿನ ಇಮೇಲ್ ಕಳುಹಿಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳಿ. ಇಲ್ಲವಾದರೆ ಅವರು ಅದನ್ನು ಹಾಗೆಯೇ ಜಾಲತಾಣಕ್ಕೆ ಏರಿಸಿಬಿಡಬಹುದು, ಆಮೇಲೆ ಅದೇ ಲೇಖನವನ್ನು ಬೇರೆಡೆಗೆ ಕೊಡುವುದು ಕಷ್ಟವಾಗುತ್ತದೆ.

ನಿಯಮದ ವಿಷಯವನ್ನು ಮೊದಲು ತಿಳಿಯಾಗಿಸಿಕೊಳ್ಳೋಣ. ಮಹಾಪ್ರಬಂಧ ಸಲ್ಲಿಸುವ ಮುನ್ನ ಪರಿಶೀಲಿತ (ವಿಷಯ ತಜ್ಞರು ಓದಿ ಒಪ್ಪಿದ ಲೇಖನಗಳನ್ನು ಪ್ರಕಟಿಸುವ) ಜರ್ನಲ್ಲಿನಲ್ಲಿ ಒಂದು ಲೇಖನ ಪ್ರಕಟವಾಗಿರಬೇಕು, ಎರಡು ಪ್ರಬಂಧ ಮಂಡಿಸಿರಬೇಕು ಎಂಬುದು ಯುಜಿಸಿಯ 2016ರ ನಿಯಮ. 2022ರ ನವೆಂಬರಿನಲ್ಲಿ ಬಂದ ಹೊಸ ನಿಯಮಾವಳಿಯಲ್ಲಿ ಆ ಕಡ್ಡಾಯ ಇಲ್ಲ. ಆದರೂ ವಿಶ್ವವಿದ್ಯಾಲಯಗಳು ತಮ್ಮ ಮಟ್ಟದಲ್ಲಿ ಅದನ್ನು ಉಳಿಸಿಕೊಳ್ಳಬಹುದಾದ್ದರಿಂದ, ನೀವು ನೋಂದಣಿಯಾದ ವರ್ಷದ ನಿಯಮಾವಳಿಯ ಪ್ರತಿಯನ್ನು ಪಿಎಚ್.ಡಿ. ವಿಭಾಗದಿಂದ ಪಡೆದು ಓದಿ. ಕ್ಯಾಂಟೀನಿನಲ್ಲಿ ಕೇಳಿದ ಮಾತನ್ನು ನಂಬಬೇಡಿ. ಕೇರ್ ಪಟ್ಟಿ ಹೋದ ಮೇಲೆ ಜರ್ನಲ್ಲಿನ ಗುಣಮಟ್ಟವನ್ನು ತೀರ್ಮಾನಿಸುವ ಹೊಣೆ ಆಯಾ ಸಂಸ್ಥೆಗಳ ಮೇಲೆ ಬಿದ್ದಿದೆ. ಹಾಗಾಗಿ ಕಳುಹಿಸುವ ಮೊದಲೇ ಗೈಡ್ ಅವರಿಂದ ಲಿಖಿತವಾಗಿ ಒಪ್ಪಿಗೆ ಪಡೆಯುವುದು ಒಳ್ಳೆಯದು.

ಇನ್ನು ಜರ್ನಲ್‌ಗಳು. ನಿಮ್ಮ ವಿಷಯಕ್ಕೆ ಒಗ್ಗುವಂಥದ್ದು ಮನೆಯ ಹತ್ತಿರವೇ ಇದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿರುವ ರಾಷ್ಟ್ರೀಯ ಅನುವಾದ ಮಿಷನ್ "ಟ್ರಾನ್ಸ್‌ಲೇಷನ್ ಟುಡೇ" ಎಂಬ ಪತ್ರಿಕೆಯನ್ನು ತರುತ್ತದೆ. ಲೇಖಕರ ಹೆಸರು ಪರಿಶೀಲಕರಿಗೆ ತಿಳಿಯದಂತೆ ಪರಿಶೀಲನೆ ನಡೆಯುತ್ತದೆ, ಎಲ್ಲ ಸಂಚಿಕೆಗಳೂ ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಸಾಹಿತ್ಯ ಅಕಾದೆಮಿಯ ದ್ವೈಮಾಸಿಕ "ಇಂಡಿಯನ್ ಲಿಟರೇಚರ್" 1957ರಿಂದ ಬರುತ್ತಿದೆ. ಅದಕ್ಕೆ ಇರುವಷ್ಟು ಓದುಗರು ಬೇರೆ ಹಲವು ಜರ್ನಲ್‌ಗಳಿಗಿಲ್ಲ, ಆದರೆ ಅದರ ಸ್ವರೂಪ ಸಾಹಿತ್ಯ ಪತ್ರಿಕೆಯದ್ದು. ಇಂಗ್ಲಿಷ್ ಪ್ರಾಧ್ಯಾಪಕರೂ ವಿಮರ್ಶಕರೂ ಆಗಿದ್ದ ಸಿ.ಡಿ. ನರಸಿಂಹಯ್ಯನವರು 1952ರಲ್ಲಿ ಮೈಸೂರಿನಿಂದ "ದಿ ಲಿಟರರಿ ಕ್ರೈಟೀರಿಯನ್" ಆರಂಭಿಸಿದಾಗ ಅದರ ಹಿಂದೆ ಪಟ್ಟಿಯೂ ಇರಲಿಲ್ಲ, ಅಧ್ಯಾಪಕರ ನೇಮಕ-ಬಡ್ತಿಗೆ ಎಣಿಸುವ ಅಂಕವೂ ಇರಲಿಲ್ಲ. ಅದರ ಹಳೆಯ ಸಂಚಿಕೆಗಳನ್ನು ಒಮ್ಮೆ ತಿರುವಿ ಹಾಕಿ. ನಮ್ಮ ನಾಡಿನ ಇಂಗ್ಲಿಷ್ ಅಧ್ಯಾಪಕರು ಎಂಥ ಗದ್ಯ ಬರೆಯುತ್ತಿದ್ದರು ಎಂಬುದಾದರೂ ಗೊತ್ತಾಗುತ್ತದೆ.

ಹೊರದೇಶದವುಗಳಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಿಂದ 1970ರಲ್ಲಿ ಆರಂಭವಾದ "ಏರಿಯಲ್", ರೌಟ್‌ಲೆಜ್‌ನ "ಜರ್ನಲ್ ಆಫ್ ಪೋಸ್ಟ್‌ಕಲೋನಿಯಲ್ ರೈಟಿಂಗ್", ದಕ್ಷಿಣ ಏಷ್ಯಾ ಸಾಹಿತ್ಯ ಸಂಘದ "ಸೌತ್ ಏಷ್ಯನ್ ರಿವ್ಯೂ" ನಿಮಗೆ ಹೊಂದುತ್ತವೆ. ಎಲ್ಲರ ಬಾಯಲ್ಲೂ ಇರುವ "ಜರ್ನಲ್ ಆಫ್ ಕಾಮನ್‌ವೆಲ್ತ್ ಲಿಟರೇಚರ್" 1965ರಿಂದ ಬಂದ ಆ ಹೆಸರನ್ನು 2024ರಲ್ಲಿ ಬಿಟ್ಟು "ಲಿಟರೇಚರ್, ಕ್ರಿಟೀಕ್ ಅಂಡ್ ಎಂಪೈರ್ ಟುಡೇ" ಎಂದಾಗಿದೆ. ಹಳೆಯ ಹೆಸರಿನಲ್ಲಿ ಲೇಖನ ಆಹ್ವಾನಿಸುವ ಇಮೇಲ್ ಬಂದರೆ ಅನುಮಾನಿಸಿ. ದೊಡ್ಡ ಪ್ರಕಾಶಕರ ಇಂಥ ಜರ್ನಲ್‌ಗಳು ಚಂದಾ ಪದ್ಧತಿಯಲ್ಲಿ ಪ್ರಕಟಿಸಲು ಲೇಖಕರಿಂದ ಹಣ ಕೇಳುವುದಿಲ್ಲ. ಅಂಗೀಕಾರವಾದ ಮೇಲೆ ಮುಕ್ತ ಪ್ರವೇಶ (ಯಾರು ಬೇಕಾದರೂ ಜಾಲದಲ್ಲಿ ಉಚಿತವಾಗಿ ಓದುವ ವ್ಯವಸ್ಥೆ) ಬೇಕೇ ಎಂದು ಕೇಳುತ್ತಾರೆ, ದುಬಾರಿ ಶುಲ್ಕ ಇರುವುದು ಅದಕ್ಕೆ. ಬೇಡವೆಂದರೆ ಮುಗಿಯಿತು.

ಐಎಸ್ಎಸ್ಎನ್ (ನಿಯತಕಾಲಿಕಗಳಿಗೆ ಕೊಡುವ ಗುರುತಿನ ಸಂಖ್ಯೆ) ಇದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ನಂಬಬೇಡಿ. ಅದು ವಾಹನದ ನಂಬರ್ ಪ್ಲೇಟ್ ಇದ್ದಂತೆ, ಚಾಲಕನಿಗೆ ಗಾಡಿ ಓಡಿಸಲು ಬರುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಪರೀಕ್ಷೆ ಇಷ್ಟೇ: ನಿಮ್ಮ ಅಧ್ಯಾಯದ ಕೊನೆಯ ಗ್ರಂಥಸೂಚಿಯನ್ನು ತೆಗೆಯಿರಿ, ಅದರಲ್ಲಿ ಯಾವ ಜರ್ನಲ್‌ಗಳ ಲೇಖನಗಳಿವೆಯೋ ಅವುಗಳಿಗೇ ಕಳುಹಿಸಿ. ನೀವೇ ಎಂದೂ ಓದದ ಜರ್ನಲ್ಲಿನಲ್ಲಿ ನಿಮ್ಮ ಲೇಖನವನ್ನು ಇನ್ನು ಯಾರು ಓದಿಯಾರು?

ಓದಲು ಸಿಗುವುದಿಲ್ಲ ಎಂಬ ಹಳೆಯ ದೂರು ಈಗ ಅಷ್ಟಾಗಿ ಉಳಿದಿಲ್ಲ. 2025ರ ಜನವರಿಯಿಂದ ಜಾರಿಯಲ್ಲಿರುವ "ಒಂದು ರಾಷ್ಟ್ರ, ಒಂದು ಚಂದಾ" ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. ನಿಮ್ಮ ಕಾಲೇಜು ನೋಂದಣಿಯಾಗಿದೆಯೇ ಎಂದು ಗ್ರಂಥಪಾಲಕರನ್ನು ಕೇಳಿ.

ಜಗಲಿ

ಮೇಷ್ಟ್ರ ಮಾತಿಗೆ ಒಂದು ಸಣ್ಣ ತಕರಾರಿದೆ. ಅಂಕದ ಹಂಗಿಲ್ಲದೆ ಬರೆದ ಕಾಲದ ನೆನಪು ಚೆನ್ನಾಗಿದೆ, ಸರ್, ಆದರೆ ಅತಿಥಿ ಉಪನ್ಯಾಸಕನಾಗಿ ಒಂಬತ್ತು ವರ್ಷ ದುಡಿದ ನನ್ನಂಥವನಿಗೆ ಅಂಕ ಎಣಿಸದೆ ಬೇರೆ ದಾರಿಯಿಲ್ಲ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ ಒಬ್ಬರೇ ಬರೆದ ಪರಿಶೀಲಿತ ಲೇಖನಕ್ಕೆ 10 ಅಂಕ. ಇಬ್ಬರು ಬರೆದರೆ ತಲಾ ಶೇಕಡ 70ರಷ್ಟು. ಪ್ರಬಂಧ ಮಂಡನೆಗೆ ರಾಷ್ಟ್ರೀಯ ಮಟ್ಟದಲ್ಲಿ 3, ದೇಶದೊಳಗಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ 5, ವಿದೇಶದಲ್ಲಿ 7. ಈ ಲೆಕ್ಕದಿಂದಾಗಿಯೇ ನಮ್ಮಲ್ಲಿ ಕಾಲೇಜು ಮಟ್ಟದ ಸಂಕಿರಣಗಳಿಗೂ "ಅಂತರರಾಷ್ಟ್ರೀಯ" ಎಂಬ ಬ್ಯಾನರ್ ಬೀಳತೊಡಗಿದ್ದು. ಆನ್‌ಲೈನಿನಲ್ಲಿ ದುಬೈಯಿಂದ ಒಬ್ಬರು ಹತ್ತು ನಿಮಿಷ ಮಾತಾಡಿದರೆ ಆಯಿತು.

ಅಂಥ ಒಂದು ಸಂಕಿರಣವನ್ನು ನಾನು ಕಂಡಿದ್ದೇನೆ. ಉದ್ಘಾಟನೆ ಹತ್ತಕ್ಕೆಂದು ಹಾಕಿ ಹನ್ನೊಂದೂವರೆಗೆ ಆರಂಭವಾಯಿತು. ವೇದಿಕೆಯಲ್ಲಿ ಹದಿಮೂರು ಕುರ್ಚಿಗಳು, ಹದಿಮೂರು ಶಾಲು, ಹದಿಮೂರು ಸ್ಮರಣಿಕೆ. ಊಟದ ನಂತರ ನಮ್ಮ ಗೋಷ್ಠಿಗೆ ಕೊಟ್ಟದ್ದು ಒಂದು ಗಂಟೆ, ಮಂಡಿಸಬೇಕಾದವರು ಹದಿನೇಳು ಮಂದಿ. ನನ್ನ ಸರದಿ ಬಂದಾಗ ಅಧ್ಯಕ್ಷರು "ಶೀರ್ಷಿಕೆ ಮತ್ತು ಉಪಸಂಹಾರ ಮಾತ್ರ ಓದಿ" ಎಂದರು. ಕೇಳುತ್ತಿದ್ದವರೆಲ್ಲ ತಮ್ಮ ಸರದಿಗೆ ಕಾಯುತ್ತಿದ್ದವರೇ. ಪ್ರಮಾಣಪತ್ರ ಮಾತ್ರ ನೋಂದಣಿ ಕೌಂಟರಿನಲ್ಲಿ ಬೆಳಗ್ಗೆಯೇ ಸಿದ್ಧವಾಗಿತ್ತು.

ಹಾಗೆಂದು ಸಮ್ಮೇಳನವೇ ವ್ಯರ್ಥವೆಂದು ಹೇಳಲಾರೆ. ಭಾರತೀಯ ಕಾಮನ್‌ವೆಲ್ತ್ ಸಾಹಿತ್ಯ ಮತ್ತು ಭಾಷಾ ಅಧ್ಯಯನ ಸಂಘ, ಅಂದರೆ ಎಲ್ಲರೂ ಐಎಸಿಎಲ್ಎಎಲ್ಎಸ್ ಎನ್ನುವ ಸಂಘ, ವರ್ಷಕ್ಕೊಮ್ಮೆ ನಡೆಸುವ ಸಮ್ಮೇಳನಕ್ಕೆ ಸದಸ್ಯತ್ವ ಪಡೆದು ಹೋಗಿ. ಅಲ್ಲಿ ಯುವ ಸಂಶೋಧಕರು ಮಂಡಿಸುವ ಪ್ರಬಂಧಕ್ಕೆ ಸಿ.ಡಿ. ನರಸಿಂಹಯ್ಯನವರ ಹೆಸರಿನಲ್ಲಿ ಬಹುಮಾನವಿದೆ. ಸದಸ್ಯರು ಪ್ರಕಟಿಸಿದ ಲೇಖನಕ್ಕೆ ವಿಮರ್ಶಕಿ ಮೀನಾಕ್ಷಿ ಮುಖರ್ಜಿ ಅವರ ನೆನಪಿನ ಪುರಸ್ಕಾರವೂ ಇದೆ. ಬಹುಮಾನಕ್ಕಿಂತ ಮುಖ್ಯವಾದುದು, ನಿಮ್ಮ ವಿಷಯದಲ್ಲೇ ಕೆಲಸ ಮಾಡಿದ ನಾಲ್ಕು ಮಂದಿ ಅಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಭಾರತೀಯ ತೌಲನಿಕ ಸಾಹಿತ್ಯ ಸಂಘದ ಸಮ್ಮೇಳನವೂ ನಿಮಗೆ ಹೊಂದುತ್ತದೆ, ಏಕೆಂದರೆ ಅಲ್ಲಿ ಎರಡು ಭಾಷೆ ಬಲ್ಲವರಿಗೆ ನಿಮ್ಮ ಉದಾಹರಣೆಗಳನ್ನು ವಿವರಿಸುತ್ತ ಕೂರಬೇಕಾಗಿಲ್ಲ. ಓಓಡಿ ರಜೆಗೆ (ಕರ್ತವ್ಯದ ಮೇಲೆ ಹೊರಗೆ ಹೋಗುವ ಅನುಮತಿಗೆ) ಮೊದಲೇ ಅರ್ಜಿ ಹಾಕಿಕೊಳ್ಳಿ. ಆಹ್ವಾನ ಪತ್ರ ಬಂದ ಮೇಲೆ ಓಡಾಡಿದರೆ ಅನುಮತಿ ಬರುವಷ್ಟರಲ್ಲಿ ಸಮ್ಮೇಳನ ಮುಗಿದಿರುತ್ತದೆ.

ಪರದೇಶಿ ಓದುಗ

ನಾನು ಧಾರವಾಡದಲ್ಲಿ ಎಂ.ಎ. ಮಾಡಿ ಈಗ ಅಮೆರಿಕದಲ್ಲಿ ಸಾಹಿತ್ಯ ಪಾಠ ಮಾಡುತ್ತಿದ್ದೇನೆ. ಹೊರದೇಶದ ಅವಕಾಶಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ, ಆಮೇಲೆ ಸಾರಲೇಖಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಅದೇ ದೊಡ್ಡ ಸಂಗತಿ.

ಲೇಖನ ಮತ್ತು ಪ್ರಬಂಧಗಳ ಆಹ್ವಾನಗಳನ್ನು ನೋಡಲು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗ ನಡೆಸುವ ಜಾಲತಾಣವನ್ನು ವಾರಕ್ಕೊಮ್ಮೆ ತೆರೆಯಿರಿ. ಅಲ್ಲಿ ಬಂದದ್ದೆಲ್ಲ ಸಾಚಾ ಎಂದಲ್ಲ, ಮೇಷ್ಟ್ರು ಹೇಳಿದ ಪರೀಕ್ಷೆ ಅಲ್ಲಿಗೂ ಅನ್ವಯಿಸುತ್ತದೆ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಪ್ರತಿ ಅಕ್ಟೋಬರಿನಲ್ಲಿ ದಕ್ಷಿಣ ಏಷ್ಯಾ ಸಮ್ಮೇಳನ ನಡೆಯುತ್ತದೆ. ಅಮೆರಿಕದ ತೌಲನಿಕ ಸಾಹಿತ್ಯ ಸಂಘದ ವಾರ್ಷಿಕ ಸಭೆಯ ರೀತಿ ನನಗೆ ಹೆಚ್ಚು ಇಷ್ಟ: ಒಂದೇ ವಿಷಯದ ಮೇಲೆ ಬರೆದ ಎಂಟು-ಹತ್ತು ಮಂದಿ ಎರಡು ಮೂರು ದಿನ ಒಂದೇ ಕೋಣೆಯಲ್ಲಿ ಕೂತು ಒಬ್ಬರದನ್ನೊಬ್ಬರು ಕೇಳುತ್ತಾರೆ, ಮೊದಲ ದಿನದ ಪ್ರಶ್ನೆಗೆ ಮೂರನೆಯ ದಿನ ಉತ್ತರ ಸಿಗುವುದೂ ಉಂಟು. ಆದರೆ ವೀಸಾ, ವಿಮಾನ, ವಸತಿ ಎಲ್ಲ ಸೇರಿದರೆ ನಿಮ್ಮ ಎರಡು ಮೂರು ತಿಂಗಳ ಸಂಬಳ ಹೋಗುತ್ತದೆ. ಪ್ರಯಾಣ ನೆರವು ಖಚಿತವಾಗದೆ ಹೊರಡಬೇಡಿ. ಏಳು ಅಂಕಕ್ಕಾಗಿ ಸಾಲ ಮಾಡುವುದು ಬೇಡ.

ಈಗ ಸಾರಲೇಖ. ನೀವು ಬರೆದ ವಾಕ್ಯದಲ್ಲಿ ವಿಷಯವಿದೆ, ವಾದವಿಲ್ಲ. "ಪರಿಶೀಲಿಸುವ ಪ್ರಯತ್ನ" ಎಂದರೆ ಏನು ಕಂಡಿರಿ ಎಂಬುದನ್ನು ನೀವಿನ್ನೂ ಹೇಳಿಲ್ಲ ಎಂದರ್ಥ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಗಂಡನನ್ನು ಇಡೀ ಕಥೆಯಲ್ಲಿ "ನೀವು" ಎನ್ನುತ್ತಿದ್ದವಳು ಜಗಳದ ಒಂದು ಗಳಿಗೆಯಲ್ಲಿ "ನೀನು" ಎನ್ನುತ್ತಾಳೆ ಎಂದಿಟ್ಟುಕೊಳ್ಳಿ. ಕನ್ನಡದ ಓದುಗನಿಗೆ ಅಲ್ಲಿ ಮನೆಯ ತೊಲೆಯೇ ಮುರಿದಂತೆ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ "ಯೂ" ಒಂದೇ. ಅನುವಾದಕ ಆಗ ಏನು ಮಾಡುತ್ತಾನೆ? ಅವಳ ಬಾಯಲ್ಲಿ ಗಂಡನ ಹೆಸರು ಹೇಳಿಸುತ್ತಾನೆಯೇ, "ಮೊದಲ ಬಾರಿಗೆ ಅವಳು ಅವನನ್ನು ಏಕವಚನದಲ್ಲಿ ಕರೆದಳು" ಎಂದು ನಿರೂಪಕನಿಂದ ಹೇಳಿಸುತ್ತಾನೆಯೇ, ಅಥವಾ ಸುಮ್ಮನೆ ದಾಟಿಹೋಗುತ್ತಾನೆಯೇ? ಇವು ಮೂರು ಬೇರೆ ಬೇರೆ ಕಥೆಗಳು. ಎರಡನೆಯದರಲ್ಲಿ ಹೆಂಡತಿಯ ಬಾಯಲ್ಲಿದ್ದ ಬಂಡಾಯವನ್ನು ನಿರೂಪಕ ಕಿತ್ತುಕೊಂಡಂತಾಯಿತು. ನಿಮ್ಮ ಅಧ್ಯಾಯ ಇಂಥದ್ದೇನನ್ನಾದರೂ ಕಂಡಿದ್ದರೆ ಅದೇ ಮೊದಲ ವಾಕ್ಯವಾಗಲಿ.

ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ನನ್ನ ಮೊದಲ ಲೇಖನಕ್ಕೆ ಎಂಟು ತಿಂಗಳು ಕಾದ ಮೇಲೆ ಬಂದ ಪರಿಶೀಲಕರ ಟಿಪ್ಪಣಿಯ ಮೊದಲ ಸಾಲು ಹೀಗಿತ್ತು: "ಈ ಲೇಖನ ಏಳನೆಯ ಪುಟದಲ್ಲಿ ಆರಂಭವಾಗುತ್ತದೆ." ಎರಡು ದಿನ ಸಿಟ್ಟಿನಲ್ಲಿದ್ದೆ. ಆಮೇಲೆ ಓದಿ ನೋಡಿದರೆ ಮೊದಲ ಆರು ಪುಟ ಬರೀ ಸಿದ್ಧಾಂತಿಗಳ ಹೆಸರಿನ ಮೆರವಣಿಗೆ. ಅವನ್ನು ಕಿತ್ತು ಹಾಕಿ ಮರಳಿ ಕಳುಹಿಸಿದೆ, ಒಪ್ಪಿಕೊಂಡರು. ಜರ್ನಲ್ಲಿನವರು ಆರು ತಿಂಗಳಿಂದ ಒಂದು ವರ್ಷ ತೆಗೆದುಕೊಳ್ಳುವುದು ಸಾಮಾನ್ಯ. ಅಷ್ಟರೊಳಗೆ ಅದೇ ಲೇಖನವನ್ನು ಇನ್ನೊಂದು ಕಡೆಗೆ ಕಳುಹಿಸುವಂತಿಲ್ಲ. ಸಲ್ಲಿಕೆಯ ದಿನ ಹತ್ತಿರವಿದ್ದರೆ ಈ ಕಾಲವನ್ನು ಲೆಕ್ಕಕ್ಕೆ ಹಿಡಿಯಿರಿ.

ತುಂಗಾತೀರ

ಮೂವರಿಗೂ ಕೃತಜ್ಞತೆಗಳು. ಹಿಂಪಡೆಯುವ ಇಮೇಲ್ ಕಳುಹಿಸಿದ್ದೇನೆ. ನಿನ್ನೆ ರಾತ್ರಿ ಕೂತು ಮೊದಲ ವಾಕ್ಯವನ್ನು ಹೀಗೆ ತಿದ್ದಿದೆ: "ಕನ್ನಡದಲ್ಲಿ ಪಾತ್ರಗಳು ಏಕವಚನ-ಬಹುವಚನಗಳ ಮೂಲಕ ತಾವೇ ನಡೆಸುವ ಅಧಿಕಾರದ ಜಗಳವನ್ನು ಇಂಗ್ಲಿಷ್ ಅನುವಾದಗಳು ಬಹುಮಟ್ಟಿಗೆ ನಿರೂಪಕನ ಕೈಗೆ ಒಪ್ಪಿಸುತ್ತವೆ, ಇದರಿಂದ ಹೆಚ್ಚು ಮಾತು ಕಳೆದುಕೊಳ್ಳುವವರು ಹೆಣ್ಣು ಪಾತ್ರಗಳು ಎಂಬುದು ಈ ಪ್ರಬಂಧದ ವಾದ." ಮೊದಲು ಐಎಸಿಎಲ್ಎಎಲ್ಎಸ್ ಸಮ್ಮೇಳನಕ್ಕೆ, ಅಲ್ಲಿ ಬರುವ ಪ್ರಶ್ನೆಗಳನ್ನು ನೋಡಿಕೊಂಡು ಆಮೇಲೆ ಟ್ರಾನ್ಸ್‌ಲೇಷನ್ ಟುಡೇಗೆ ಎಂದುಕೊಂಡಿದ್ದೇನೆ. ಉಲ್ಲೇಖದ ವಿಷಯದಲ್ಲಿ ಒಂದು ಸಣ್ಣ ಸಂದೇಹ: ಎಂಎಲ್ಎ (ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಪದ್ಧತಿಯಲ್ಲಿ ಅನುವಾದಿತ ಕೃತಿಗೆ ಮೂಲ ಲೇಖಕರ ಹೆಸರು ಮೊದಲು ಬರಬೇಕೇ, ಅನುವಾದಕರದ್ದೇ?

ಹಳೆಯ ಮೇಷ್ಟ್ರು

ವಾಕ್ಯ ಈಗ ನಿಂತಿದೆ. "ಬಹುಮಟ್ಟಿಗೆ" ಎಂಬುದಕ್ಕೆ ಎಷ್ಟು ಕೃತಿಗಳ ಆಧಾರವಿದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಎಂಎಲ್ಎ ಕೈಪಿಡಿಯ 9ನೆಯ ಆವೃತ್ತಿ 2021ರದು, ಅದನ್ನೇ ಬಳಸಿ. ಸಾಮಾನ್ಯವಾಗಿ ಮೂಲ ಲೇಖಕರ ಹೆಸರಿನಿಂದ ಆರಂಭಿಸಿ ಶೀರ್ಷಿಕೆಯ ನಂತರ ಅನುವಾದಕರನ್ನು ಹೆಸರಿಸಬೇಕು. ಆದರೆ ನಿಮ್ಮಂತೆ ಅನುವಾದವನ್ನೇ ಚರ್ಚಿಸುವಾಗ ಅನುವಾದಕರ ಹೆಸರನ್ನು ಮೊದಲಿಗೆ ಹಾಕಲು ಅವಕಾಶವಿದೆ, ನಿಮ್ಮ ಲೇಖನಕ್ಕೆ ಅದೇ ಸರಿ. ಕನ್ನಡ ಮೂಲದ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಕೊಟ್ಟು, ಅದರ ಇಂಗ್ಲಿಷ್ ಅರ್ಥವನ್ನು ಚೌಕ ಆವರಣದಲ್ಲಿ ಹಾಕಿ. ಲಿಪ್ಯಂತರಕ್ಕೆ ಮೊದಲಿನಿಂದ ಕೊನೆಯವರೆಗೆ ಒಂದೇ ಕ್ರಮವನ್ನು ಅನುಸರಿಸಿ. "ನೀನು" ಒಂದು ಪುಟದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಬರೆದರೆ ಆ ಲೇಖನದಲ್ಲಂತೂ ಕ್ಷಮೆಯಿಲ್ಲ.