ಕಾಲೇಜು ಸಿಬ್ಬಂದಿಗೆ ಕಂಪ್ಯೂಟರ್, ಸಾಫ್ಟ್‌ವೇರ್ ನಿಯಮ ಬರೆಯಬೇಕು, ನಿಮ್ಮ ಅನುಭವ ಹೇಳಿ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನಲ್ಲಿ ಸಿಬ್ಬಂದಿ ಕಂಪ್ಯೂಟರ್ ಮತ್ತು ಸಾಫ್ಟ್‌ವೇರ್ ಕೊಳ್ಳುವುದಕ್ಕೆ, ಬಳಸುವುದಕ್ಕೆ ನಿಯಮ ಬರೆಯುವ ಸಮಿತಿಗೆ ನನ್ನನ್ನೂ ಸೇರಿಸಿದ್ದಾರೆ. ಇಲ್ಲಿಯವರೆಗೆ ಬರೆದಿಟ್ಟ ನಿಯಮ ಅಂತ ಏನೂ ಇಲ್ಲ. ಕೆಲವರು ಸ್ವಂತ ದುಡ್ಡಲ್ಲಿ ತಂದು ಆಮೇಲೆ ಬಿಲ್ ಕೊಡುತ್ತಾರೆ, ಕೆಲವರು ಇಂಟರ್ನೆಟ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಇಳಿಸಿಕೊಳ್ಳುತ್ತಾರೆ. ನನಗೆ ಮುಖ್ಯವಾಗಿ ತಿಳಿಯಬೇಕಾದದ್ದು ಮೂರು: ಖರೀದಿಗೆ ಯಾರ ಅನುಮತಿ ಬೇಕು, ಯಾರು ಏನನ್ನು ಇನ್‌ಸ್ಟಾಲ್ ಮಾಡಬಹುದು, ಕೆಲಸ ಬಿಟ್ಟು ಹೋಗುವವರ ವಿಷಯದಲ್ಲಿ ಏನು ಮಾಡಬೇಕು. ಎಲ್ಲಿಂದಲೋ ಕಾಪಿ ಮಾಡಿ ಅಂಟಿಸುವುದು ಸುಲಭ, ಆದರೆ ಜನ ನಿಜವಾಗಿ ಪಾಲಿಸುವಂಥದ್ದು ಬೇಕು.

ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು:
ಪಾಲಿಸುವಂಥದ್ದು ಬೇಕು ಅಂದಿರಲ್ಲ, ಅಲ್ಲಿಂದಲೇ ಶುರು ಮಾಡಿ. ಸಿಬ್ಬಂದಿ ನಿಯಮ ಮುರಿಯುವುದು ಬೇಕಂತಲೇ ಅಲ್ಲ. ನಾಳೆ ಪಾಠ ಇರುತ್ತದೆ, ಇವತ್ತು ಸಾಫ್ಟ್‌ವೇರ್ ಬೇಕಾಗಿರುತ್ತದೆ, ಅರ್ಜಿ ಎಲ್ಲೋ ಮೇಜಿನ ಮೇಲೆ ಕೂತಿರುತ್ತದೆ, ಆಗ ಅವರು ತಮಗೆ ಗೊತ್ತಿದ್ದ ದಾರಿ ಹಿಡಿಯುತ್ತಾರೆ. ಹಾಗಾಗಿ ನಿಮ್ಮ ನಿಯಮದಲ್ಲಿ ಸಿಬ್ಬಂದಿ ಏನು ಮಾಡಬೇಕು ಅನ್ನುವುದರ ಜೊತೆಗೆ ಕಾಲೇಜು ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಅನ್ನುವುದನ್ನೂ ಬರೆಯಿರಿ. ಇದು ಇಲ್ಲದ ನಿಯಮ ನಾನು ನೋಡಿದಲ್ಲೆಲ್ಲ ಕಾಗದದಲ್ಲೇ ಉಳಿದಿದೆ.

ಇನ್‌ಸ್ಟಾಲ್ ವಿಷಯಕ್ಕೆ ಬರೋಣ. ಎಲ್ಲದಕ್ಕೂ ಅನುಮತಿ ಕೇಳಿ ಅಂದರೆ ಯಾರೂ ಕೇಳುವುದಿಲ್ಲ. ಮೊದಲೇ ಒಪ್ಪಿಗೆ ಸಿಕ್ಕ ಸಾಫ್ಟ್‌ವೇರ್‌ಗಳ ಪಟ್ಟಿ ಒಂದು ಮಾಡಿಡಿ. ಲಿಬ್ರೆ ಆಫೀಸ್, ವಿಎಲ್‌ಸಿ, ಸೆವೆನ್ ಜಿಪ್, ಅಂಕಿಅಂಶಕ್ಕೆ ಬಳಸುವ ಆರ್ (R), ಗಿಂಪ್, ಕ್ಯೂಜಿಐಎಸ್, ಇಂಥವನ್ನು ಕಾಲೇಜಿನ ಯಾವ ಕಂಪ್ಯೂಟರ್‌ನಲ್ಲಿ ಬೇಕಾದರೂ ಹಾಕಬಹುದು, ಲೈಸೆನ್ಸ್ ತಕರಾರು ಇಲ್ಲ. ಪಟ್ಟಿಯಲ್ಲಿದ್ದರೆ ಕೇಳುವುದೇ ಬೇಡ, ಇಲ್ಲದಿದ್ದರೆ ಮಾತ್ರ ಕೇಳಿ. ಇಷ್ಟು ಮಾಡಿದರೆ ಅರ್ಧಕ್ಕರ್ಧ ಅರ್ಜಿಗಳು ಬರುವುದೇ ನಿಲ್ಲುತ್ತವೆ.

ಈಗ ನಿಜವಾದ ತೊಂದರೆ ಹೇಳುತ್ತೇನೆ. ಪುಕ್ಕಟೆ ಅಂತ ಸಿಗುವ ಸಾಫ್ಟ್‌ವೇರ್‌ಗಳು. ಕಳ್ಳ ಪ್ರತಿ ತಪ್ಪು ಅಂತ ಎಲ್ಲರಿಗೂ ಗೊತ್ತು, ಅದನ್ನು ಹೇಳಬೇಕಾಗಿಲ್ಲ. ಆದರೆ ಮನೆಯಲ್ಲಿ ಪುಕ್ಕಟೆ ಆಗಿರುವುದು ಸಂಸ್ಥೆಯಲ್ಲಿ ಪುಕ್ಕಟೆ ಅಲ್ಲ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ದೂರದ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸುವ ಟೀಮ್‌ವ್ಯೂವರ್ ಪುಕ್ಕಟೆ ಇರುವುದು ಸ್ವಂತ ಬಳಕೆಗೆ ಮಾತ್ರ. ಕಾಲೇಜು ಕೆಲಸಕ್ಕೆ ಬಳಸಿದರೆ ದುಡ್ಡು ಕೊಡಬೇಕು. ಫೈಲ್‌ಗಳನ್ನು ಕುಗ್ಗಿಸುವ ವಿನ್‌ರಾರ್ 40 ದಿನದ ಪರೀಕ್ಷಾ ಪ್ರತಿ, ಆಮೇಲೂ ಓಡುತ್ತದೆ ಅಂದ ಮಾತ್ರಕ್ಕೆ ಲೈಸೆನ್ಸ್ ಸಿಕ್ಕಿತು ಅಂತಲ್ಲ. ಒಂದು ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ ನಡೆಸುವ ವರ್ಚುವಲ್‌ಬಾಕ್ಸ್ ನೋಡಿ, ಮೂಲ ಸಾಫ್ಟ್‌ವೇರ್ ಮುಕ್ತ, ಯಾರು ಬೇಕಾದರೂ ಬಳಸಬಹುದು, ಆದರೆ ಅದರ ಜೊತೆ ಹಾಕಿಕೊಳ್ಳುವ ಎಕ್ಸ್‌ಟೆನ್ಷನ್ ಪ್ಯಾಕ್‌ಗೆ ಬೇರೆಯೇ ಲೈಸೆನ್ಸ್ ಇದೆ. ಅದನ್ನು ಪಾಠಕ್ಕೆ ಬಳಸಬಹುದು, ಆಡಳಿತ ಕಚೇರಿಯ ಕೆಲಸಕ್ಕೆ ಬಳಸುವ ಹಾಗಿಲ್ಲ. ಒಂದೇ ಕಟ್ಟಡ, ಒಂದೇ ಕಾಲೇಜು, ಆದರೂ ಒಂದು ಕೋಣೆಯಲ್ಲಿ ಸರಿ, ಪಕ್ಕದ ಕೋಣೆಯಲ್ಲಿ ತಪ್ಪು.

ಪ್ರೋಗ್ರಾಮಿಂಗ್‌ಗೆ ಬಳಸುವ ಜಾವಾ ಇನ್ನೊಂದು. ಒರಾಕಲ್ ಕಂಪನಿ 2019ರಲ್ಲಿ ಅದರ ಲೈಸೆನ್ಸ್ ಷರತ್ತು ಬದಲಿಸಿತು. 2023ರಲ್ಲಿ ಚಂದಾ ಲೆಕ್ಕ ಹಾಕುವ ರೀತಿಯನ್ನೇ ಬದಲಿಸಿ, ಎಷ್ಟು ಜನ ಬಳಸುತ್ತಾರೆ ಅಂತ ನೋಡದೆ ಸಂಸ್ಥೆಯಲ್ಲಿ ಒಟ್ಟು ಎಷ್ಟು ನೌಕರರಿದ್ದಾರೆ ಅಂತ ನೋಡಲು ಶುರು ಮಾಡಿತು. ಯಾವ ಆವೃತ್ತಿಗೆ ಯಾವ ಷರತ್ತು ಅಂತ ನೆನಪಿಟ್ಟುಕೊಳ್ಳುವುದು ಯಾವ ಉಪನ್ಯಾಸಕರ ಕೆಲಸವೂ ಅಲ್ಲ. ಜಾವಾದ್ದೇ ಮುಕ್ತ ರೂಪ ಓಪನ್ ಜೆಡಿಕೆ ಇದೆ, ಪಾಠಕ್ಕೆ ಧಾರಾಳ ಸಾಕು. ನಿಮ್ಮ ಪಟ್ಟಿಯಲ್ಲಿ ಜಾವಾ ಅಂತ ಸುಮ್ನೆ ಬರೆಯಬೇಡಿ, ಓಪನ್ ಜೆಡಿಕೆ ಅಂತಲೇ ಬರೆಯಿರಿ.

ಲೆಕ್ಕಪತ್ರ ವಿಭಾಗದಿಂದ:
ಮೇಲಿನವರು ಹೇಳಿದ್ದು ಸರಿ. ಖರೀದಿ ಬಗ್ಗೆ ನಾನು ಸೇರಿಸುತ್ತೇನೆ.

ಮೊದಲು ತಂದು ಆಮೇಲೆ ಬಿಲ್ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಬಿಲ್ ಪಾಸ್ ಮಾಡುವುದಕ್ಕೆ ನಮಗೆ ಇಷ್ಟ ಇಲ್ಲ ಅಂತಲ್ಲ. ಸ್ವಂತ ಕಾರ್ಡ್‌ನಲ್ಲಿ, ಸ್ವಂತ ಇಮೇಲ್‌ನಲ್ಲಿ ಸಾಫ್ಟ್‌ವೇರ್ ಕೊಂಡರೆ ಲೈಸೆನ್ಸ್ ಆ ವ್ಯಕ್ತಿಯ ಹೆಸರಿಗೇ ಆಗುತ್ತದೆ. ದುಡ್ಡು ಕಾಲೇಜಿನದು, ಹಕ್ಕು ಇನ್ಯಾರದೋ. ನಾನು ಕಂಡ ಒಂದು ಕಡೆ ಲ್ಯಾಬ್‌ನ ಮುಖ್ಯ ಸಾಫ್ಟ್‌ವೇರ್ ಒಂದನ್ನು ಹೀಗೇ ಕೊಂಡಿದ್ದರು. ಆ ಉಪನ್ಯಾಸಕರು ಬೇರೆ ಕಡೆ ಹೋದರು. ನವೀಕರಣದ ಸೂಚನೆಗಳೆಲ್ಲ ಅವರ ಹಳೆಯ ಇಮೇಲ್‌ಗೆ ಹೋಗುತ್ತಿದ್ದವು, ಇಲ್ಲಿ ಯಾರಿಗೂ ಸುಳಿವೇ ಇಲ್ಲ. ಪ್ರಾಯೋಗಿಕ ಪರೀಕ್ಷೆಯ ದಿನ ಬೆಳಿಗ್ಗೆ ವಿದ್ಯಾರ್ಥಿಗಳು ಕಂಪ್ಯೂಟರ್ ಆನ್ ಮಾಡಿದರೆ ಒಂದೊಂದು ಪರದೆಯ ಮೇಲೂ ಲೈಸೆನ್ಸ್ ಅವಧಿ ಮುಗಿದಿದೆ ಅನ್ನುವ ಪೆಟ್ಟಿಗೆ. ಸ್ಟಾಕ್ ರಿಜಿಸ್ಟರ್ ತೆಗೆದು ನೋಡಿದರೆ ಅದರಲ್ಲಿ ಇದ್ದದ್ದು ಒಂದೇ ಸಾಲು: ಸಾಫ್ಟ್‌ವೇರ್, ಸಂಖ್ಯೆ 1. ಯಾವ ಆವೃತ್ತಿ, ಎಷ್ಟು ಜನಕ್ಕೆ, ಯಾವಾಗ ಮುಗಿಯುತ್ತದೆ, ಲೈಸೆನ್ಸ್ ಕೀ ಎಲ್ಲಿದೆ, ಏನೂ ಇಲ್ಲ.

ಅದಕ್ಕೆ ಹೇಳುವುದು, ಖರೀದಿಗೆ ಅಂತಲೇ ಕಾಲೇಜಿನ ಹೆಸರಲ್ಲಿ ಒಂದು ಇಮೇಲ್ ಇರಲಿ, ಒಬ್ಬ ವ್ಯಕ್ತಿಯ ಹೆಸರಲ್ಲಿ ಬೇಡ, ಅದನ್ನು ಕನಿಷ್ಠ ಇಬ್ಬರು ನೋಡುತ್ತಿರಲಿ. ರಿಜಿಸ್ಟರ್‌ನಲ್ಲಿ ಸಾಫ್ಟ್‌ವೇರ್‌ಗೇ ಬೇರೆ ಪುಟ ಮಾಡಿ. ಕಂಪ್ಯೂಟರ್‌ಗೆ ಸೀರಿಯಲ್ ನಂಬರ್ ಬರೆಯುತ್ತೇವಲ್ಲ, ಅಷ್ಟೇ ಗಂಭೀರವಾಗಿ ಲೈಸೆನ್ಸ್ ಮುಗಿಯುವ ದಿನಾಂಕ ಬರೆಯಬೇಕು.

ಇನ್ನೊಂದು ಮಾತು. ಒಂದು ಸಲ ಕೊಂಡರೆ ಮುಗಿಯಿತು ಅನ್ನುವ ಕಾಲ ಹೋಯಿತು. ಅಡೋಬಿ 2013ರಲ್ಲೇ ತನ್ನ ಹೊಸ ಆವೃತ್ತಿಗಳನ್ನು ಚಂದಾಕ್ಕೆ ತಂದಿತು, ಆಮೇಲೆ ಬಹಳ ಕಂಪನಿಗಳು ಅದೇ ದಾರಿ ಹಿಡಿದವು. ಹಾಗಾಗಿ ಅರ್ಜಿಯಲ್ಲಿ ಈ ವರ್ಷದ ಬೆಲೆ ಮಾತ್ರ ಕೇಳಬೇಡಿ. ಮುಂದಿನ ವರ್ಷಗಳ ಚಂದಾ ಯಾವ ಬಾಬ್ತಿನಿಂದ ಕಟ್ಟುತ್ತೀರಿ ಅಂತ ಒಂದು ಖಾನೆ ಇರಲೇಬೇಕು. ಸಂಶೋಧನಾ ಯೋಜನೆಯ ದುಡ್ಡಲ್ಲಿ ಕೊಂಡದ್ದು ಯೋಜನೆ ಮುಗಿದ ಮೇಲೆ ಅನಾಥ ಆಗುವುದು ಇದೇ ಕಾರಣಕ್ಕೆ.

ಉಪನ್ಯಾಸಕರೊಬ್ಬರು:
ನಾನು ಆ ಕಡೆಯವನು, ಅಂದರೆ ಅರ್ಜಿ ಕೊಟ್ಟು ಕಾಯುವವನು. ಲೆಕ್ಕಪತ್ರದವರಿಗೆ ಗೌರವದಿಂದಲೇ ಒಂದು ಮಾತು ಹೇಳುತ್ತೇನೆ. ಎಲ್ಲದಕ್ಕೂ ಒಂದೇ ದಾರಿ ಇಡಬೇಡಿ ಸರ್. ಒಂದು ಮೌಸ್ ಕೆಟ್ಟರೂ ಅದೇ ಮೂರು ಕೊಟೇಶನ್, ಇಡೀ ಲ್ಯಾಬ್‌ಗೆ ಹೊಸ ಕಂಪ್ಯೂಟರ್ ಬಂದರೂ ಅದೇ ಮೂರು ಕೊಟೇಶನ್ ಅಂದರೆ ಹೇಗೆ? ಮೌಸ್, ಕೀಬೋರ್ಡ್, ಕೇಬಲ್, ಪೆನ್‌ಡ್ರೈವ್ ಇಂಥ ಸಣ್ಣ ಸಾಮಾನಿಗೆ ವಿಭಾಗದ ಮುಖ್ಯಸ್ಥರ ಸಹಿ ಸಾಕು ಅಂತ ಮಾಡಿ. ಒಂದು ಮಿತಿ ದಾಟಿದರೆ ಮಾತ್ರ ಸಮಿತಿಗೆ ಹೋಗಲಿ.

ಆಮೇಲೆ ವಿಷಯ ಗೊತ್ತಿರುವವರನ್ನು ಕೇಳಿ. ಒಂದೇ ಮಾದರಿಯ ಕಂಪ್ಯೂಟರ್ ಎಲ್ಲರಿಗೂ ಕೊಂಡರೆ ಅಗ್ಗ ಆಗುತ್ತದೆ, ರಿಪೇರಿಗೂ ಸುಲಭ, ಒಪ್ಪುತ್ತೇನೆ. ಆದರೆ ವಿಡಿಯೊ ಎಡಿಟಿಂಗ್ ಕಲಿಸುವವರಿಗೂ, ಪತ್ರ ಟೈಪ್ ಮಾಡುವವರಿಗೂ ಒಂದೇ ಯಂತ್ರ ಸರಿಹೋಗುವುದಿಲ್ಲ. ಮಾಮೂಲಿ ಮಾದರಿ ಒಂದು ಇರಲಿ, ಅದು ಸಾಲದು ಅನ್ನುವವರು ಯಾಕೆ ಅಂತ ಅರ್ಧ ಪುಟ ಬರೆದುಕೊಡಲಿ. ಬೇಡ ಅಂತ ತೀರ್ಮಾನ ಆದರೆ ಅದಕ್ಕೂ ಕಾರಣ ಬರೆದು ಕೊಡಿ. ಕಾರಣ ಗೊತ್ತಾದರೆ ಮನುಷ್ಯ ಸಮಾಧಾನ ಮಾಡಿಕೊಳ್ಳುತ್ತಾನೆ, ಉತ್ತರವೇ ಬರದಿದ್ದರೆ ಮುಂದಿನ ಸಲ ಕೇಳುವುದನ್ನೇ ಬಿಡುತ್ತಾನೆ.

ಲೈಸೆನ್ಸ್ ಬಗ್ಗೆ ನನ್ನಂಥವರಿಗೆ ಯಾರೂ ಹೇಳಿಕೊಡದ ಒಂದು ವಿಷಯ ಇದೆ, ಅದನ್ನು ನಿಯಮದಲ್ಲಿ ಒಂದು ಸಾಲಾದರೂ ಹಾಕಿ. ಶಿಕ್ಷಣ ಸಂಸ್ಥೆಗೆ ಅಂತ ಕಡಿಮೆ ಬೆಲೆಗೆ ಕೊಡುವ ಲೈಸೆನ್ಸ್ ಸಾಮಾನ್ಯವಾಗಿ ಪಾಠಕ್ಕೆ, ಸಂಶೋಧನೆಗೆ ಮಾತ್ರ. ಹೊರಗಿನ ಕಂಪನಿಗೆ ದುಡ್ಡು ತೆಗೆದುಕೊಂಡು ಮಾಡಿಕೊಡುವ ಸಲಹಾ ಕೆಲಸಕ್ಕೆ ಅದನ್ನು ಬಳಸಿದರೆ ಷರತ್ತು ಮುರಿದ ಹಾಗೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಯೋಗ ಆಗ್ತಿದೆ, ಎಲ್ಲ ಬರೆದುಕೊಳ್ಳುತ್ತಿದ್ದೇನೆ. ಸಿಬ್ಬಂದಿ ಸ್ವಂತ ಲ್ಯಾಪ್‌ಟಾಪ್ ತಂದು ಕೆಲಸ ಮಾಡುವುದಕ್ಕೆ ಬಿಡಬೇಕಾ ಬೇಡವಾ? ಸಮಿತಿಯಲ್ಲಿ ಇದರ ಮೇಲೇ ಜಗಳ. ಎಲ್ಲರಿಗೂ ಅಡ್ಮಿನ್ ಪಾಸ್‌ವರ್ಡ್ (ಕಂಪ್ಯೂಟರ್‌ನಲ್ಲಿ ಏನು ಬೇಕಾದರೂ ಹಾಕುವ, ಬದಲಿಸುವ ಹಕ್ಕು ಕೊಡುವಂಥದ್ದು) ಕೊಡಬೇಕು ಅಂತಲೂ ಕೆಲವರು ಹಟ ಹಿಡಿದಿದ್ದಾರೆ.

ನೆಟ್‌ವರ್ಕ್ ನೋಡಿಕೊಳ್ಳುವವರು:
ಬೇಡ ಅಂದರೂ ತರುತ್ತಾರೆ, ಹಾಗಾಗಿ ಬಿಡಿ, ಆದರೆ ಷರತ್ತು ಹಾಕಿ. ಸ್ವಂತ ಲ್ಯಾಪ್‌ಟಾಪ್‌ಗಳಿಗೆ ಬೇರೆ ವೈಫೈ ಮಾಡಿ. ಅಂಕಪಟ್ಟಿ, ಶುಲ್ಕ, ಸಂಬಳ ಇರುವ ಸರ್ವರ್ ಆ ವೈಫೈನಿಂದ ನೇರವಾಗಿ ಸಿಗಬಾರದು. ಕಾಲೇಜಿನ ಲೈಸೆನ್ಸ್ ಇರುವ ಸಾಫ್ಟ್‌ವೇರ್ ಸ್ವಂತ ಯಂತ್ರದಲ್ಲಿ ಹಾಕಬಹುದಾ ಅನ್ನುವುದು ಆಯಾ ಲೈಸೆನ್ಸ್ ಮೇಲೆ ನಿಂತಿದೆ. ಕೆಲವು ಲೈಸೆನ್ಸ್ ಯಂತ್ರಕ್ಕೆ ಇರುತ್ತವೆ, ಕೆಲವು ವ್ಯಕ್ತಿಗೆ, ಇನ್ನು ಕೆಲವು ಒಂದೇ ಸಲಕ್ಕೆ ಇಷ್ಟು ಜನ ಬಳಸಬಹುದು ಅಂತ ಇರುತ್ತವೆ. ಕೊಳ್ಳುವಾಗಲೇ ಇದನ್ನು ಕೇಳಿ ರಿಜಿಸ್ಟರ್‌ನಲ್ಲಿ ಬರೆದಿಟ್ಟರೆ ಆಮೇಲೆ ಯಾರೂ ಊಹೆ ಮಾಡಬೇಕಾಗಿಲ್ಲ.

ಅಡ್ಮಿನ್ ಪಾಸ್‌ವರ್ಡ್ ವಿಷಯದಲ್ಲಿ ನಾನು ಬಗ್ಗುವುದಿಲ್ಲ. ದಿನದ ಕೆಲಸಕ್ಕೆ ಎಲ್ಲರಿಗೂ ಸಾಮಾನ್ಯ ಖಾತೆ, ನನಗೂ ಅಷ್ಟೇ. ಅಡ್ಮಿನ್ ಹಕ್ಕಿರುವ ಖಾತೆಯಲ್ಲಿ ಕೆಟ್ಟ ಫೈಲ್ ಒಂದನ್ನು ತೆರೆದರೆ ಆ ಫೈಲ್‌ಗೂ ಅದೇ ಹಕ್ಕು ಸಿಗುತ್ತದೆ. ಪ್ರೋಗ್ರಾಮಿಂಗ್ ಕಲಿಸುವವರಿಗೆ, ಸಂಶೋಧನೆ ಮಾಡುವವರಿಗೆ ನಿಜವಾಗಿ ಬೇಕಾಗುತ್ತದೆ, ಅವರಿಗೆ ಅವರ ಯಂತ್ರದ ಮಟ್ಟಿಗೆ ಬೇರೆ ಅಡ್ಮಿನ್ ಖಾತೆ ಮಾಡಿಕೊಡಿ. ಒಂದೇ ಪಾಸ್‌ವರ್ಡ್ ಎಲ್ಲ ಯಂತ್ರಕ್ಕೂ ಇಟ್ಟು ಅದನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸುವುದು ಮಾತ್ರ ಬೇಡವೇ ಬೇಡ.

ಅಪ್‌ಡೇಟ್ ಬಗ್ಗೆ ನಿಯಮದಲ್ಲಿ ಸ್ಪಷ್ಟವಾಗಿ ಬರೆಯಿರಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ, ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ಕುತಂತ್ರಾಂಶ ಹಬ್ಬಿದಾಗ ಜಗತ್ತಿನಾದ್ಯಂತ ಆಸ್ಪತ್ರೆ, ಕಚೇರಿ, ವಿಶ್ವವಿದ್ಯಾಲಯಗಳ ಕಂಪ್ಯೂಟರ್‌ಗಳ ಫೈಲ್‌ಗಳು ಲಾಕ್ ಆದವು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಆ ವರ್ಷ ಮಾರ್ಚ್‌ನಲ್ಲೇ ಕೊಟ್ಟಿತ್ತು! ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಪ್‌ಡೇಟ್ ಬಂದರೆ ಕಂಪ್ಯೂಟರ್ ನಿಧಾನ ಆಗುತ್ತದೆ ಅಂತ ಅದನ್ನು ಬಂದ್ ಮಾಡಿಸಿಕೊಳ್ಳುವವರು ಎಲ್ಲ ಕಾಲೇಜಲ್ಲೂ ಇದ್ದಾರೆ, ಅವರಿಗೆ ಈ ಕಥೆ ಹೇಳಿ.

ಖರೀದಿಗೂ ಇದಕ್ಕೂ ಸಂಬಂಧ ಇದೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಸರಿಯಾಗಿ ಹಾಕಬೇಕಾದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಅಗ್ಗಕ್ಕೆ ಸಿಗುತ್ತದೆ ಅಂತ ಹಳೆಯ ಕಂಪ್ಯೂಟರ್ ರಾಶಿ ಕೊಳ್ಳುವ ಮುಂಚೆ ಇದನ್ನು ನೋಡಲೇಬೇಕು. ಈಗಾಗಲೇ ಇರುವ ಹಳೆಯ ಯಂತ್ರ ಬಿಸಾಡಬೇಕು ಅಂತಲೂ ಇಲ್ಲ, ಲಿನಕ್ಸ್ ಹಾಕಿದರೆ ಪ್ರೋಗ್ರಾಮಿಂಗ್ ಲ್ಯಾಬ್‌ಗೆ ಇನ್ನೂ ಕೆಲವು ವರ್ಷ ಚೆನ್ನಾಗಿಯೇ ನಡೆಯುತ್ತದೆ.

ಪರೀಕ್ಷಾ ವಿಭಾಗದಿಂದ:
ಒಂದೇ ಮಾತು. ವಿದ್ಯಾರ್ಥಿಗಳ ಹೆಸರು, ಅಂಕ, ಫೋನ್ ನಂಬರ್ ಇರುವ ಫೈಲನ್ನು ಸಿಬ್ಬಂದಿ ತಮ್ಮ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಬಾರದು, ಪುಕ್ಕಟೆ ಪಿಡಿಎಫ್ ಬದಲಾಯಿಸುವ ತಾಣಕ್ಕೆ ಹಾಕಬಾರದು, ಚಾಟ್‌ಜಿಪಿಟಿಯಂಥ ಕಡೆ ಹಾಗೇ ಅಂಟಿಸಬಾರದು ಅಂತ ಬಿಡಿಸಿ ಬರೆಯಿರಿ. ಗೋಪ್ಯತೆ ಕಾಪಾಡಿ ಅಂತ ಮಾತ್ರ ಬರೆದರೆ ಅದು ಪಿಡಿಎಫ್ ತಾಣಕ್ಕೂ ಅನ್ವಯಿಸುತ್ತದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಆ ಮಕ್ಕಳು ನಮ್ಮನ್ನು ನಂಬಿ ವಿವರ ಕೊಟ್ಟಿರುತ್ತಾರೆ ಅಲ್ವಾ.

ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು:
ಕೆಲಸ ಬಿಟ್ಟು ಹೋಗುವವರ ಬಗ್ಗೆ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ಲ್ಯಾಪ್‌ಟಾಪ್ ವಾಪಸ್ ಪಡೆದು ಸಹಿ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ಮೊದಲು ಫೈಲ್‌ಗಳು. ಪಾಠದ ಟಿಪ್ಪಣಿ, ಪ್ರಶ್ನೆಗಳ ಸಂಗ್ರಹ, ಲ್ಯಾಬ್ ಕೈಪಿಡಿ ಇವನ್ನು ವಿಭಾಗದ ಜಾಗಕ್ಕೆ ಹಾಕಿಸಿಕೊಳ್ಳಿ, ಅವರ ಸ್ವಂತ ಫೋಟೊ, ಕಾಗದಪತ್ರ ತೆಗೆದುಕೊಳ್ಳಲು ಅವರಿಗೂ ಸಮಯ ಕೊಡಿ. ಕ್ಲೌಡ್‌ನಲ್ಲಿ ಬಿಟ್ಟುಹೋದರೂ ಪರವಾಗಿಲ್ಲ ಅನ್ನುವ ಹಾಗಿಲ್ಲ, ಗೂಗಲ್ ಕೂಡ ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದೆ ಕೊಡುತ್ತಿದ್ದ ಜಾಗವನ್ನು ನಿಲ್ಲಿಸಿ ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಅಂತ ಮಿತಿ ಹಾಕುವುದಾಗಿ 2021ರಲ್ಲಿ ಹೇಳಿತು. ಹೋದವರ ಹಳೆಯ ವಿಡಿಯೊಗಳು ಇದ್ದವರ ಜಾಗ ತಿನ್ನುತ್ತವೆ.

ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ನಲ್ಲಿರುವುದಕ್ಕೆಲ್ಲ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿದ್ದರೆ ಅದರ ರಿಕವರಿ ಕೀ ಕಾಲೇಜಿನ ಹತ್ತಿರ ಇದೆಯಾ ಅಂತ ಅವರು ಎದುರಿಗೆ ಇರುವಾಗಲೇ ನೋಡಿ. ಅವರ ಸ್ವಂತ ಮೈಕ್ರೋಸಾಫ್ಟ್ ಖಾತೆಯಲ್ಲಿ ಮಾತ್ರ ಕೀ ಇದ್ದರೆ, ನಾಳೆ ಕೀ ಕೇಳಿದಾಗ ಒಳಗಿರುವುದು ಯಾರ ಕೈಗೂ ಸಿಗುವುದಿಲ್ಲ. ಅವರ ಹೆಸರಿನಲ್ಲಿದ್ದ ಲೈಸೆನ್ಸ್‌ಗಳನ್ನು ಬಿಡಿಸಿ ಮುಂದಿನವರಿಗೆ ಕೊಡಿ. ಹಳೆಯ ಯಂತ್ರ ವಿಲೇವಾರಿ ಮಾಡುವುದಾದರೆ ಫೈಲ್ ಡಿಲೀಟ್ ಮಾಡಿದರೆ, ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಡೇಟಾ ಪೂರ್ತಿ ಹೋಯಿತು ಅಂತ ನಂಬುವ ಹಾಗಿಲ್ಲ, ಬಹಳ ಸಲ ಸಾಮಾನ್ಯ ಸಾಫ್ಟ್‌ವೇರ್‌ನಲ್ಲೇ ಮತ್ತೆ ತೆಗೆಯಬಹುದು. ಹಾರ್ಡ್ ಡಿಸ್ಕ್ ಆದರೆ ಪೂರ್ತಿ ಮೇಲೆ ಬರೆದು ಅಳಿಸಬೇಕು, ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ಚಿಪ್‌ನಿಂದ ಮಾಡಿದ ಡಿಸ್ಕ್) ಆದರೆ ತಯಾರಕರು ಕೊಡುವ ಸೆಕ್ಯೂರ್ ಇರೇಸ್ ಬಳಸಬೇಕು, ಎರಡೂ ಆಗದಿದ್ದರೆ ಡಿಸ್ಕ್ ಬಿಚ್ಚಿ ಇಟ್ಟುಕೊಂಡು ಉಳಿದದ್ದನ್ನು ಮಾತ್ರ ಕೊಡಿ. ಯಾರು ಅಳಿಸಿದರು, ಯಾವ ದಿನ ಅಂತ ರಿಜಿಸ್ಟರ್‌ನಲ್ಲಿ ಅದೇ ಯಂತ್ರದ ಸಾಲಿನ ಮುಂದೆ ಸಹಿ ಇರಲಿ. ಕರಡು ಸಿದ್ಧವಾದ ಮೇಲೆ ಇಲ್ಲೇ ಹಾಕಿ, ಓದಿ ಹೇಳುತ್ತೇನೆ.