ಸ್ಯಾಟ್ 1500 ದಾಟದಿದ್ದರೆ ಅಮೆರಿಕದ ದೊಡ್ಡ ಕಾಲೇಜು ಸಿಗುತ್ತಾ? ಕೌನ್ಸೆಲರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಸ್ಯಾಟ್ ಅಂದರೆ ಅಮೆರಿಕದ ಕಾಲೇಜು ಸೇರಲು ಬರೆಯುವ ಪರೀಕ್ಷೆ, ಒಟ್ಟು 1600 ಅಂಕ. ಈ ವಾರಾಂತ್ಯ ಕಾಲೇಜ್ ಕೌನ್ಸೆಲರ್ ಸುಮಾ ಮೇಡಂ ಉತ್ತರ ಕೊಡುತ್ತಾರೆ. 2026ರ ಪ್ರವೇಶ, ಡಿಗ್ರಿ ಮಾತ್ರ, ಎಂಎಸ್ ಅಲ್ಲ. ಊರು, ಬೋರ್ಡು, ಅಂಕ, ದುಡ್ಡಿನ ನೆರವು ಬೇಕೋ ಬೇಡವೋ, ನಾಲ್ಕನ್ನೂ ಬರೆದು ಕೇಳಿ.

ವಿದ್ಯಾ, ಫ್ರೀಮಾಂಟ್: ಮಗನದು 1430. ಇನ್ನೊಮ್ಮೆ ಬರೆಸಬೇಕಾ ಮೇಡಂ? ಪಟ್ಟಿಯಲ್ಲಿರೋದು ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊ.

ಸುಮಾ: ಆ ಮೂರಕ್ಕೇ ಆದರೆ ಬೇಡ. ಅವು ಯುಸಿಯ, ಅಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳು. ಯುಸಿಯ ಯಾವ ಕ್ಯಾಂಪಸ್ಸೂ ಪ್ರವೇಶಕ್ಕೆ ಸ್ಯಾಟ್ ನೋಡುವುದಿಲ್ಲ, 1600 ಇದ್ದರೂ ಅಷ್ಟೇ. ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕ ಹಾಕುವುದು 10 ಮತ್ತು 11ನೇ ತರಗತಿಯ ಗ್ರೇಡ್‌ಗಳಿಂದ. ಮತ್ತೆ ಅರ್ಜಿಯ ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ತಲಾ 350 ಪದದೊಳಗೆ ಉತ್ತರ. ಟೀಚರ್ ಶಿಫಾರಸು ಪತ್ರವನ್ನು ಸಾಮಾನ್ಯವಾಗಿ ಕೇಳುವುದಿಲ್ಲ, ಹಾಗಾಗಿ ಪತ್ರದಲ್ಲಿ ಬರಬೇಕಾದದ್ದೂ ಆ ನಾಲ್ಕರಲ್ಲೇ ಬರಬೇಕು. ಸ್ಯಾಟ್ ಕೋಚಿಂಗಿಗೆ ಇಟ್ಟ ಶನಿವಾರಗಳನ್ನು ಅದಕ್ಕೆ ಕೊಡಿ.

ನಾಗೇಶ್, ಬೆಂಗಳೂರು: 1450 ಸಾಕಾ ಮೇಡಂ?

ಸುಮಾ: ಯಾವ ಕಾಲೇಜಿಗೆ? ಆ ಕಾಲೇಜಿನ ಹೆಸರಿನ ಜೊತೆ ‘ಕಾಮನ್ ಡೇಟಾ ಸೆಟ್’ ಅಂತ ಹುಡುಕಿ, ಕಾಲೇಜು ತಾನೇ ಪ್ರಕಟಿಸುವ ಅಂಕಿಅಂಶಗಳ ಪಟ್ಟಿ ಅದು. ಅದರಲ್ಲಿ ಸಿ9 ಭಾಗದಲ್ಲಿ, ಸೇರಿದ ಮಕ್ಕಳ ಸ್ಯಾಟ್ 25 ಮತ್ತು 75ನೇ ಪರ್ಸೆಂಟೈಲ್ ಇರುತ್ತದೆ (ಕಾಲು ಭಾಗ ಮಂದಿ ಮೊದಲನೆಯದಕ್ಕಿಂತ ಕೆಳಗೆ, ಕಾಲು ಭಾಗ ಎರಡನೆಯದಕ್ಕಿಂತ ಮೇಲೆ). ಎಷ್ಟು ಮಂದಿ ಅಂಕ ಕಳಿಸಿದ್ದರು ಅನ್ನುವುದನ್ನೂ ಅಲ್ಲೇ ನೋಡಿ. ಅರ್ಧದಷ್ಟು ಮಂದಿ ಮಾತ್ರ ಕಳಿಸಿದ್ದರೆ ಅದು ಚೆನ್ನಾಗಿ ಬಂದವರ ಅಂಕ, ಇಡೀ ತರಗತಿಯದ್ದಲ್ಲ. ಸಿ7ರಲ್ಲಿ ಆ ಕಾಲೇಜು ಯಾವುದಕ್ಕೆ ಎಷ್ಟು ತೂಕ ಕೊಡುತ್ತದೆ ಅಂತ ಟಿಕ್ ಹಾಕಿರುತ್ತಾರೆ.

ಬಸವರಾಜ, ಧಾರವಾಡ: ಮೇಡಮ್ಮರ ನಮಸ್ಕಾರ್ರಿ. ಮಗಳು 2ನೇ ಪಿಯುಸಿ ಅದಾಳ್ರಿ, ಸ್ಟೇಟ್ ಬೋರ್ಡ್. ಏಳನೇತ್ತಾ ತನಕಾ ಕನ್ನಡ ಮಾಧ್ಯಮ, ಸರ್ಕಾರಿ ಶಾಲಿ. ಎಸ್ಸೆಸ್ಸೆಲ್ಸಿ 96 ಪರ್ಸೆಂಟ್, ಪ್ರಥಮ ಪಿಯುಸಿ 91. ಸ್ಯಾಟ್ 1380 ಬಂದೈತ್ರಿ, ಮ್ಯಾಥ್ಸ್ 740, ಇಂಗ್ಲಿಷ್ 640. ನೆರವು ಪೂರ್ತಿ ಬೇಕ್ರಿ. ಕಾಲೇಜಿನ್ಯಾಗ ಕೌನ್ಸೆಲರ್ ಯಾರೂ ಇಲ್ಲ. ಕನ್ಸಲ್ಟೆಂಟ್ ಒಬ್ಬರು ‘ಸ್ಯಾಟ್ ಕಳಿಸೋದ ಬ್ಯಾಡ, ಟೆಸ್ಟ್ ಆಪ್ಷನಲ್ ಹಾಕೋಣು, ಪ್ರಿನ್ಸಿಪಾಲರ ಹೆಸರಲೆ ಇಮೇಲ್ ನಾವ ಮಾಡ್ಕೊಂತೇವಿ, ಲೆಟರೂ ನಾವ ಬರೀತೇವಿ’ ಅಂತಾರ್ರಿ. ಏನ್ ಮಾಡ್ಬೇಕ್ರಿ?

ಸುಮಾ: ಬಸವರಾಜ ಅವರೇ, ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಪ್ರಿನ್ಸಿಪಾಲರ ಹೆಸರಲ್ಲಿ ಬೇರೆಯವರು ಇಮೇಲ್ ತೆರೆದು ಪತ್ರ ಕಳಿಸುವುದು ಫೋರ್ಜರಿ. 2024ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಭಾರತದ ವಿದ್ಯಾರ್ಥಿಯೊಬ್ಬ ಸುಳ್ಳು ದಾಖಲೆ, ಪ್ರಿನ್ಸಿಪಾಲರ ನಕಲಿ ಇಮೇಲ್ ಮಾಡಿ ಪೂರ್ತಿ ಸ್ಕಾಲರ್‌ಶಿಪ್ ಪಡೆದಿದ್ದು ಬಯಲಾಗಿ, ಕೇಸಾಗಿ, ಊರಿಗೆ ವಾಪಸ್ ಬರಬೇಕಾಯಿತು. ಸಿಕ್ಕಿಬೀಳುವುದು ನಿಮ್ಮ ಮಗಳು, ಕನ್ಸಲ್ಟೆಂಟ್ ಅಲ್ಲ.

ಇನ್ನು ಅಂಕ ಕಳಿಸಬೇಕಾ ಅನ್ನುವ ಪ್ರಶ್ನೆ. ಟೆಸ್ಟ್ ಆಪ್ಷನಲ್ ಅಂದರೆ ಕಳಿಸುವುದು ಬಿಡುವುದು ನಿಮ್ಮ ಇಷ್ಟ. ‘ಕಡಿಮೆ ಇದ್ದರೆ ಮುಚ್ಚಿಡಿ’ ಅನ್ನುವ ಸಲಹೆ ಕ್ಯಾಲಿಫೋರ್ನಿಯಾದ ಹೆಸರಾಂತ ಹೈಸ್ಕೂಲಿನ ಮಗುವಿಗೆ ಸರಿಹೋಗಬಹುದು, ಏಕೆಂದರೆ ಆ ಶಾಲೆಯ ಗ್ರೇಡಿಗೆ ಏನು ಬೆಲೆ ಅಂತ ಅರ್ಜಿ ಓದುವವರಿಗೆ ಗೊತ್ತು. ಧಾರವಾಡದ ಪಿಯು ಕಾಲೇಜಿನ 91 ಪರ್ಸೆಂಟ್ ಅಂದರೆ ಎಷ್ಟು ಅಂತ ಅವರಿಗೆ ಗೊತ್ತಿಲ್ಲ. ಸ್ಯಾಟ್ ತೆಗೆದರೆ ಅವರ ಕೈಗೆ ಅಳತೆಗೋಲೇ ಉಳಿಯುವುದಿಲ್ಲ. 2024ರಲ್ಲಿ ಡಾರ್ಟ್‌ಮತ್ ಸ್ಯಾಟನ್ನು ಮತ್ತೆ ಕಡ್ಡಾಯ ಮಾಡಿದಾಗ ಕೊಟ್ಟ ಕಾರಣವೂ ಇದೇ: ಅನುಕೂಲ ಕಡಿಮೆಯಿರುವ ಮಕ್ಕಳು ತಮಗೆ ಸಹಾಯವಾಗುತ್ತಿದ್ದ ಅಂಕವನ್ನೇ ಕಳಿಸದೆ ಬಿಡುತ್ತಿದ್ದರು. ಏಳರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳ ಗಣಿತದ 740 ಅರ್ಜಿ ಓದುವವರ ಗಮನ ಸೆಳೆಯುತ್ತದೆ. ಆದರೆ ಎಂಐಟಿಯಲ್ಲಿ ಅಲ್ಲ, ಅಲ್ಲಿ ಗಣಿತದ 25ನೇ ಪರ್ಸೆಂಟೈಲೇ 780ರ ಆಸುಪಾಸು.

640 ಅನ್ನು ಮೇಲೆತ್ತಬಹುದು. ಡಿಜಿಟಲ್ ಸ್ಯಾಟ್‌ನ ಇಂಗ್ಲಿಷ್ ಭಾಗದಲ್ಲಿ 27 ಪ್ರಶ್ನೆಗಳ ಎರಡು ಮಾಡ್ಯೂಲ್, ತಲಾ 32 ನಿಮಿಷ. ಮೊದಲನೆಯದರಲ್ಲಿ ಎಡವಿದರೆ ಎರಡನೆಯದು ಸುಲಭದ್ದು ಬರುತ್ತದೆ, ಆಗ ಎಲ್ಲ ಸರಿ ಮಾಡಿದರೂ ಅಂಕ ಒಂದು ಮಟ್ಟಕ್ಕೆ ನಿಂತುಬಿಡುತ್ತದೆ. ಹಾಗಾಗಿ ಮೊದಲ ಮಾಡ್ಯೂಲಿನಲ್ಲಿ ಅವಸರ ಬೇಡ. ವಿರಾಮ ಚಿಹ್ನೆ, ಕ್ರಿಯಾಪದದ ಹೊಂದಾಣಿಕೆಯ ಪ್ರಶ್ನೆಗಳು ಹತ್ತಕ್ಕಿಂತ ಹೆಚ್ಚಿರುತ್ತವೆ. ನಿಯಮಗಳು ಕೆಲವೇ, ವಾರಗಳಲ್ಲಿ ಕಲಿಯಬಹುದು. ಅಭ್ಯಾಸಕ್ಕೆ ಬ್ಲೂಬುಕ್ ಆ್ಯಪ್, ಖಾನ್ ಅಕಾಡೆಮಿ ಎರಡೂ ಉಚಿತ. ಹೆಚ್ಚಿನ ಕಾಲೇಜುಗಳು ಎರಡು ಪರೀಕ್ಷೆಗಳ ಒಳ್ಳೆಯ ಭಾಗಗಳನ್ನು ಕೂಡಿಸಿ ನೋಡುತ್ತವೆ, ಗಣಿತ ಈ ಸಲ ಇಳಿದರೂ ಅಲ್ಲಿ 740 ಎಲ್ಲೂ ಹೋಗುವುದಿಲ್ಲ.

ಕೌನ್ಸೆಲರ್ ಜಾಗದಲ್ಲಿ ಪ್ರಿನ್ಸಿಪಾಲ್ ಅಥವಾ ಉಪಪ್ರಾಂಶುಪಾಲರು ಇರಬಹುದು. ಅವರಿಂದ ಬೇಕಾದದ್ದು ಮೂರು: ಶಿಫಾರಸು, ಅಂಕಪಟ್ಟಿಗಳು, ಒಂದು ಪುಟದ ‘ಸ್ಕೂಲ್ ಪ್ರೊಫೈಲ್’. ಪ್ರೊಫೈಲಿನಲ್ಲಿ ಎಷ್ಟು ಮಕ್ಕಳು, ಯಾವ ವಿಷಯಗಳು, ಡಿಸ್ಟಿಂಕ್ಷನ್ ಎಷ್ಟು ಮಂದಿಗೆ ಬರುತ್ತದೆ, ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ) ಕೋರ್ಸ್ ಇಲ್ಲ ಅನ್ನುವುದು, ಇಷ್ಟು ಬರಲಿ. 91ಕ್ಕೆ ಅರ್ಥ ಬರುವುದು ಅಲ್ಲೇ. ನಮ್ಮ ಕಡೆ ತೊಡಕಾಗುವುದು 9ನೇ ತರಗತಿ. ಅವರಿಗೆ 9ರಿಂದ 12ರವರೆಗೆ ನಾಲ್ಕೂ ವರ್ಷದ ಅಂಕ ಬೇಕು, ಟಿಸಿ ತಗೊಂಡು ಬಂದ ಮೇಲೆ ಹೈಸ್ಕೂಲನ್ನು ಯಾರೂ ತಿರುಗಿ ನೋಡಿರುವುದಿಲ್ಲ. ಮುಖ್ಯೋಪಾಧ್ಯಾಯರ ಹತ್ತಿರ ರಿಜಿಸ್ಟರ್‌ನಿಂದ 9ನೇ ತರಗತಿಯ ಅಂಕ ತೆಗೆಸಿ, ಸೀಲು ಸಹಿ ಹಾಕಿಸಿ. ದ್ವಿತೀಯ ಪಿಯುಸಿ ಫಲಿತಾಂಶ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ, ಅದಕ್ಕೆ ಅರ್ಧವಾರ್ಷಿಕದ ಅಂಕ ಮತ್ತು ಉಪನ್ಯಾಸಕರು ಅಂದಾಜಿಸಿದ ಅಂಕ ಹೋಗಬೇಕು.

ಕೊನೆಗೆ ದುಡ್ಡು. ವಿದೇಶಿ ಮಕ್ಕಳು ನೆರವು ಕೇಳಿದರೂ ಅದನ್ನು ಪ್ರವೇಶದ ತೀರ್ಮಾನಕ್ಕೆ ತರದ ಕಾಲೇಜುಗಳು ಬೆರಳೆಣಿಕೆ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಬ್ರೌನ್, ಬೋಡನ್ ಮೊದಲಾದವು. ಉಳಿದೆಡೆ ನೆರವು ಕೇಳಿದ ತಕ್ಷಣ ಬಾಗಿಲು ಕಿರಿದಾಗುತ್ತದೆ. ಬೋಡನ್ 1969ರಿಂದಲೇ ಸ್ಯಾಟ್ ಕಡ್ಡಾಯ ಮಾಡಿಲ್ಲ, ಪಟ್ಟಿಯಲ್ಲಿರಲಿ, ಆದರೂ ಅಲ್ಲಿ ನೂರಕ್ಕೆ ಹತ್ತು ಮಂದಿಗೂ ಸಿಗುವುದಿಲ್ಲ. ಹೀಗಾಗಿ ಸಿಇಟಿ ಅರ್ಜಿ ಬಿಡಬೇಡಿ.

ಲೋಹಿತ್, ಬೆಂಗಳೂರು: ಅದೇ ನಾನೂ ಹೇಳೋದು. ಸಿಇಟಿ ಬರೆದು ಆರ್‌ವಿ ಕಾಲೇಜಿಗೆ ಹೋದರೆ ಆಯ್ತಲ್ಲ, ಇಷ್ಟೆಲ್ಲ ಯಾಕೆ?

ರಮೇಶ್, ನ್ಯೂಜೆರ್ಸಿ: ಇಲ್ಲಿ ನಮ್ಮ ಮಕ್ಕಳು 1560 ತಗೊಂಡು ಸಾಲು ಸಾಲಾಗಿ ರಿಜೆಕ್ಟ್ ಆಗ್ತಿದಾರೆ. 1380ಕ್ಕೆ ಹಾರ್ವರ್ಡ್, ಯೇಲ್ ಥರದ ಐವಿ ಕಾಲೇಜಿನ ಆಸೆ ಹುಟ್ಟಿಸೋದು ಸರಿನಾ ಮೇಡಂ?

ಸುಮಾ: ಆಸೆ ಎಲ್ಲಿ ಹುಟ್ಟಿಸಿದೆ? ಕೊನೆಯ ಪ್ಯಾರಾ ಓದಿ.

ಶೈಲಜಾ, ಮೈಸೂರು: ಇದು ನಿಜಾನಾ ಮೇಡಂ? ಫಾರ್ವರ್ಡ್: ‘ಸ್ಯಾಟ್ ಕಡಿಮೆಯೇ? ಚಿಂತೆ ಬಿಡಿ! ಎನ್‌ಜಿಒ ಶುರು ಮಾಡಿಸಿ, ರಿಸರ್ಚ್ ಪೇಪರ್ ಪ್ರಕಟಿಸಿ, ಐವಿ ಕ್ಯಾಂಪಸ್ ಸಮ್ಮರ್ ಕೋರ್ಸ್ ಮಾಡಿಸಿ, ಹಾರ್ವರ್ಡ್ ಈಗ ಟೆಸ್ಟ್ ಆಪ್ಷನಲ್!’

ಸುಮಾ: ಈ ಮೆಸೇಜ್ ಇನ್ನೂ ಸತ್ತಿಲ್ಲವಾ? ಹಾರ್ವರ್ಡ್, ಬ್ರೌನ್, ಡಾರ್ಟ್‌ಮತ್, ಸ್ಟ್ಯಾನ್‌ಫರ್ಡ್, ಕಾರ್ನೆಲ್, ಪೆನ್, ಕ್ಯಾಲ್‌ಟೆಕ್, ಎಂಐಟಿ ಎಲ್ಲ ಈ ಸಲ ಪರೀಕ್ಷಾ ಅಂಕ ಕೇಳುತ್ತವೆ. ಯೇಲ್ ಸ್ಯಾಟ್ ಬದಲು ಎಪಿ, ಐಬಿ (ಒಂದು ಅಂತರರಾಷ್ಟ್ರೀಯ ಬೋರ್ಡು) ಅಂಕವನ್ನೂ ಒಪ್ಪುತ್ತದೆ. ಕೊಲಂಬಿಯಾ, ಶಿಕಾಗೊ ಐಚ್ಛಿಕ. ದುಡ್ಡು ಕೊಟ್ಟು ಪ್ರಕಟಿಸುವ ‘ಜರ್ನಲ್’ ಓದುವವರಿಗೆ ಮೊದಲ ಸಾಲಲ್ಲೇ ಗೊತ್ತಾಗುತ್ತದೆ. ಕ್ಯಾಂಪಸ್ಸಿನಲ್ಲಿ ಫೀಸು ತಗೊಂಡು ನಡೆಸುವ ಸಮ್ಮರ್ ಕೋರ್ಸು ಆ ಕಾಲೇಜಿನ ಪ್ರವೇಶಕ್ಕೆ ಮೆಟ್ಟಿಲಲ್ಲ. ಹನ್ನೆರಡನೇ ತರಗತಿಯಲ್ಲಿ ಹುಟ್ಟಿದ ಎನ್‌ಜಿಒ ಬಗ್ಗೆ ನಾನು ಏನೂ ಹೇಳುವುದಿಲ್ಲ. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆಗೆ ಜಾಗ, ಪ್ರತಿ ವಿವರಣೆಗೆ 150 ಅಕ್ಷರ. ಅಪ್ಪನ ಅಂಗಡಿಯ ಲೆಕ್ಕ ಬರೆಯುವುದು, ತಮ್ಮನಿಗೆ ಪಾಠ ಹೇಳುವುದು, ವಾರಕ್ಕೆ ಇಷ್ಟು ಗಂಟೆ ಅಂತ ಬರೆದರೆ ಅದೂ ಚಟುವಟಿಕೆಯೇ.

ರಮೇಶ್, ನ್ಯೂಜೆರ್ಸಿ: ಎಲ್ಲಾ ಮಾತು. ಪ್ರವೇಶಕ್ಕೆ ಜನಾಂಗ ನೋಡಬಾರದು ಅಂತ 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೂ ಏಷ್ಯನ್ ಮಕ್ಕಳಿಗೆ ಬೇರೆ ಗೆರೆ.

ವಿದ್ಯಾ, ಫ್ರೀಮಾಂಟ್: ರಮೇಶ್ ಅವರೇ, ಒಂದೇ ಶಾಲೆಯಿಂದ ನೂರು ಮಕ್ಕಳು ಕಂಪ್ಯೂಟರ್ ಸೈನ್ಸ್‌ಗೇ ಹಾಕಿದರೆ ಇನ್ನೇನಾಗುತ್ತೆ?

ರಮೇಶ್, ನ್ಯೂಜೆರ್ಸಿ: ನಿಮ್ಮ ಮಗನೂ ಅದಕ್ಕೇ ಹಾಕ್ತಿರೋದು ಅಲ್ವಾ?

ಲೋಹಿತ್, ಬೆಂಗಳೂರು: ಇಬ್ಬರೂ ಊರಿಗೆ ಬನ್ನಿ, ಮ್ಯಾನೇಜ್‌ಮೆಂಟ್ ಸೀಟು ಕೊಡಿಸ್ತೀನಿ 😄

ವಿದ್ಯಾ, ಫ್ರೀಮಾಂಟ್: ಮಕ್ಕಳ ಭವಿಷ್ಯದ ವಿಷಯ ಇದು, ತಮಾಷೆ ಬೇರೆ ಕಡೆ ಮಾಡಿ.

ಪೂರ್ಣಿಮಾ, ಹಾಸನ: ಮೇಡಂ, ಆ ಕಡೆ ಹಾಸ್ಟೆಲ್‌ನಲ್ಲಿ ಶುದ್ಧ ಸಸ್ಯಾಹಾರ ಸಿಗುತ್ತಾ?

ನಾಗೇಶ್, ಬೆಂಗಳೂರು: ಮೇಡಂ 1450?

ಸುಮಾ: ಸಿ9.

ಗಿರಿಜಾ, ಉಡುಪಿ: ಅರ್ಲಿ ಡಿಸಿಷನ್, ಅಂದರೆ ಮೊದಲೇ ಒಂದು ಕಾಲೇಜಿಗೆ ಅರ್ಜಿ ಹಾಕಿದರೆ ಅವಕಾಶ ದುಪ್ಪಟ್ಟು ಅಂತಾರೆ?

ಸುಮಾ: ಹಾಗೆ ಆಯ್ಕೆಯಾದವರ ಅಂಕಿಯೊಳಗೆ ಕೋಚ್‌ಗಳು ಮೊದಲೇ ಆರಿಸಿದ ಕ್ರೀಡಾಪಟುಗಳು ಇರುತ್ತಾರೆ, ಹಲವು ಕಡೆ ಹಳೆ ವಿದ್ಯಾರ್ಥಿಗಳ ಮಕ್ಕಳೂ. ಅವರನ್ನು ಕಳೆದರೆ ಲಾಭ ಇದೆ, ದುಪ್ಪಟ್ಟಲ್ಲ. ಒಂದೇ ಕಾಲೇಜಿಗೆ ಹಾಕಬಹುದು, ನೀವೂ ಸಹಿ ಮಾಡಬೇಕು, ಸಿಕ್ಕರೆ ಸೇರಲೇಬೇಕು. ಹೊರಬರುವ ದಾರಿ ನೆರವು ಸಾಲದೆ ಹೋದರೆ ಮಾತ್ರ. ಹಾಕುವ ಮುಂಚೆ ಕಾಲೇಜಿನ ಸೈಟಿನಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ (ನೆರವು ಕಳೆದು ನೀವು ಕಟ್ಟಬೇಕಾದ ಮೊತ್ತ ಅಂದಾಜಿಸುವುದು) ವಿದೇಶಿ ಮಕ್ಕಳಿಗೂ ಲೆಕ್ಕ ಕೊಡುತ್ತದಾ ನೋಡಿ.

ವಿದ್ಯಾ, ಫ್ರೀಮಾಂಟ್: ಯುಸಿ ನೇರವಾಗಿ ಸಿಗದಿದ್ದರೆ ಕಮ್ಯುನಿಟಿ ಕಾಲೇಜ್? ಜನ ಏನಂತಾರೋ.

ಸುಮಾ: ಜನರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಯುಸಿಗೆ ವರ್ಗವಾಗುವ ದಾರಿ ಗಟ್ಟಿಯಾಗಿದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಈ ಆರು ಕ್ಯಾಂಪಸ್‌ಗಳಲ್ಲಿ ಟ್ಯಾಗ್ ಅನ್ನುವ ಖಾತರಿ ವರ್ಗಾವಣೆ ಇದೆ, ಒಂದಕ್ಕೆ ಮಾತ್ರ ಹಾಕಬಹುದು, ಅರ್ಜಿ ಸೆಪ್ಟೆಂಬರ್‌ನಲ್ಲಿ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊ ಅದರಲ್ಲಿಲ್ಲ, ಅಲ್ಲಿಗೆ ಮಾಮೂಲು ವರ್ಗಾವಣೆ. ಕಂಪ್ಯೂಟರ್ ಸೈನ್ಸನ್ನು ಕೆಲವು ಕಡೆ ಟ್ಯಾಗ್‌ನಿಂದ ಹೊರಗಿಟ್ಟಿದ್ದಾರೆ, ಮೇಜರ್ (ಮುಖ್ಯ ವಿಷಯ) ನೋಡಿಕೊಂಡೇ ಕೋರ್ಸ್ ಆರಿಸಿ.

ರಮೇಶ್, ನ್ಯೂಜೆರ್ಸಿ: ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಅಡ್ಮಿನ್: ಅದು ಪ್ರಶ್ನೆಯಾಗಿರಲಿಲ್ಲ ಸರ್. ಕೋರ್ಟ್ ಚರ್ಚೆ ಇಲ್ಲಿಗೆ ಸಾಕು, ಮುಂದಿನದನ್ನು ಡಿಲೀಟ್ ಮಾಡುತ್ತೇನೆ.

ಬಸವರಾಜ, ಧಾರವಾಡ: ಮೇಡಮ್ಮರ, ಪ್ರಿನ್ಸಿಪಾಲರು ಒಪ್ಪಿದ್ರು. ಆದ್ರ ಅವರದು ಜಿಮೇಲ್ ಐತ್ರಿ. ಮತ್ತ ಕಾಮನ್ ಆ್ಯಪ್ ಪಾಸ್‌ವರ್ಡ್ ಕನ್ಸಲ್ಟೆಂಟ್ ಕಡೀನ ಐತಿ, ಕೊಡವಲ್ರು. ಮುಂಗಡ ಕೊಟ್ಟೀವ್ರಿ.

ಸುಮಾ: ಅವರದೇ ಜಿಮೇಲ್ ಆದರೆ ನಡೆಯುತ್ತದೆ. ಪತ್ರ ಕಾಲೇಜಿನ ಲೆಟರ್‌ಹೆಡ್‌ನಲ್ಲಿರಲಿ, ಸೀಲು, ಕಾಲೇಜಿನ ಫೋನ್ ನಂಬರ್ ಇರಲಿ. ಆ ನಂಬರಿಗೆ ಫೋನ್ ಬಂದರೆ ಆಫೀಸಿನವರಿಗೆ ವಿಷಯ ಗೊತ್ತಿರಬೇಕು. ಖಾತೆ ಮಗಳ ಇಮೇಲ್‌ನಲ್ಲಿದ್ದರೆ ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿ ಈಗಲೇ ಬದಲಿಸಿ. ಕನ್ಸಲ್ಟೆಂಟ್ ಇಮೇಲ್‌ನಲ್ಲಿದ್ದರೆ ಕಾಮನ್ ಆ್ಯಪ್‌ನ ಸಹಾಯ ವಿಭಾಗಕ್ಕೆ ಮಗಳೇ ಬರೆಯಲಿ. ಒಳಗೆ ಹೋದ ಮೇಲೆ ‘ರೆಕಮೆಂಡರ್ಸ್’ ಪುಟದಲ್ಲಿ ಯಾರ ಹೆಸರು, ಯಾವ ಇಮೇಲ್ ಸೇರಿಸಿದ್ದಾರೆ ನೋಡಿ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಯಾವುದಾದರೂ ಕಾಲೇಜಿಗೆ ಅರ್ಜಿ ಆಗಲೇ ಹೋಗಿದೆಯಾ ಅಂತ ನೋಡಿ ನನಗೆ ಇಲ್ಲೇ ತಿಳಿಸಿ. ಹೋಗಿದ್ದರೆ ಆ ಕಾಲೇಜಿಗೆ ಬೇರೆ ಪತ್ರ ಬರೆಯಬೇಕಾಗುತ್ತದೆ.

ನಾಗೇಶ್, ಬೆಂಗಳೂರು: ಸಿ9 ಪಿಡಿಎಫ್ ಓಪನ್ ಆಗ್ತಿಲ್ಲ ಮೇಡಂ.