ಅಪ್‌ಡೇಟ್: ಅವ್ವ-ಅಪ್ಪನ್ನ ಕರಕೊಂಡು ತಾಯಿಫ್‌ಗೆ ಹೋಗಿ ಬಂದ್ವಿ

ಸೌದಿ ಅರೇಬಿಯಾದ ಜೆದ್ದಾದಿಂದ ಒಂದೇ ದಿನದಾಗ ಗುಡ್ಡದ ಮ್ಯಾಲಿನ ತಾಯಿಫ್ ಊರು ನೋಡಿ ಬರಬಹುದಾ, ವಯಸ್ಸಾದ ಅವ್ವ-ಅಪ್ಪಗ ಆಗ್ತದೇನು ಅಂತ ಕೇಳಿದ್ದೆ. ಆರಾಮ ಆಗ್ತದರಿ. ಉತ್ತರ ಕೊಟ್ಟವರಿಗೆಲ್ಲ ಶರಣು. ರಜಾಕ್ಕ ಕಲಬುರಗಿಗೆ ಬಂದೀನಿ, ಮನಿಯಿಂದಲೇ ಬರೀಲಿಕ್ಕತ್ತೀನಿ.

ನಸುಕಿನ್ಯಾಗ ಹೊಂಟ್ವಿ. ಮೆಕ್ಕಾದ ಹರಮ್ (ಮುಸ್ಲಿಮರಿಗಷ್ಟೇ ಪ್ರವೇಶ ಇರೋ ಪವಿತ್ರ ಪ್ರದೇಶ) ಗಡಿಗಿಂತ ಮೊದಲೇ ಮುಸ್ಲಿಮೇತರರು ತಿರುಗಬೇಕಾದ ಬೈಪಾಸ್ ಬೋರ್ಡ್ ಬರ್ತದ, ನೀವು ಹೇಳಿದಂಗ ಅದನ್ನೇ ಹಿಡಿದ್ವಿ. ಜೆದ್ದಾ ಸಮುದ್ರದ ದಂಡಿಗೆ, ತಾಯಿಫ್ ಸುಮಾರು 1,800 ಮೀಟರ್ ಮ್ಯಾಲೆ. ಅಲ್ ಹದಾ ಘಾಟ್ ಏರಿದಂಗ ಎ.ಸಿ. ಬಂದ್ ಮಾಡಿ ಕಿಟಕಿ ಇಳಿಸಿದ್ವಿ. ನಮ್ಮೂರ ಏಪ್ರಿಲ್ ಬಿಸಿಲು ಉಂಡ ಅಪ್ಪ ಶಾಲು ಹೊದ್ದು ಕುಂತಿದ್ರು!

ಗುಲಾಬಿ ಕೊಯ್ಲಿನ ಹೊತ್ತಿಗೆ ಹೋಗಿದ್ದು ಭಾಳ ಚಲೋ ಆತು. ಮಾರ್ಚ್-ಏಪ್ರಿಲ್ ಅದರ ಸುಗ್ಗಿ. ಬಿಸಿಲು ಏರಿದ್ರ ವಾಸನಿ ಹಾರ್ತದ ಅಂತ ಹೊತ್ತು ಮೂಡೂದ್ರಾಗ ಹೂವು ಬಿಡಿಸ್ತಾರ. ತಾಮ್ರದ ದೊಡ್ಡ ಹಂಡೆದಾಗ ನೀರಿನ ಜೊತಿ ಕುದಿಸಿದ್ರ, ಆವಿ ಕೊಳವಿ ದಾಟಿ ತಣ್ಣಗಾಗಿ ಗುಲಾಬಿ ನೀರಾಗಿ ಇಳೀತದ. ಮ್ಯಾಲೆ ತೇಲೋ ಎಣ್ಣೀನೇ ಅತ್ತರ್. ಅವ್ವ ಆ ಹಂಡೆ ಮುಂದಿಂದ ಏಳಲಿಕ್ಕೇ ಒಲ್ಲೆ ಅಂದಳು. ಶರಣಬಸವೇಶ್ವರ ಗುಡಿಗಂತ ಒಂದು ಬಾಟಲಿ ತಂದಾಳ.

ಕೇಬಲ್ ಕಾರ್ ಬಿಟ್ವಿ, ಅಪ್ಪಗ ಎತ್ತರ ಆಗಿಬರಂಗಿಲ್ಲ. ಘಾಟಿನ ದಂಡಿಗೆ ಬಬೂನ್ ಮಂಗಗಳು ಇರ್ತಾವ, ರೊಟ್ಟಿ ಡಬ್ಬಿ ಗಾಡಿಯೊಳಗೇ ಇಟ್ಕೊಳ್ರಿ. ಶುಕ್ರವಾರ ಹೋಗೋರು ಮಧ್ಯಾಹ್ನದ ನಮಾಜಿಗಿಂತ ಮೊದಲೇ ಅತ್ತರ್ ಅಂಗಡಿ ನೋಡಿಬಿಡ್ರಿ.